ಉಕುಲೇಲೆ ಆಯ್ಕೆ: ಮರವನ್ನು ನೋಡಿ, ನಾದವನ್ನು ಕೇಳಿ

1879ರಲ್ಲಿ ಪೋರ್ಚುಗಲ್‌ಗೆ ಸೇರಿದ ಮದೀರಾ ದ್ವೀಪದಿಂದ ಹೊನೊಲುಲುವಿಗೆ ಬಂದ ವಲಸಿಗರಲ್ಲಿ ಕೆಲವರು ಮರಗೆಲಸದಲ್ಲಿ ನುರಿತವರಾಗಿದ್ದು, ತಮ್ಮ ನಾಡಿನ ಪುಟ್ಟ ತಂತಿವಾದ್ಯವನ್ನು ಹವಾಯಿಯಲ್ಲಿ ಮಾತ್ರ ಸಹಜವಾಗಿ ಬೆಳೆಯುವ ಕೋವಾ ಮರದಿಂದ ತಯಾರಿಸತೊಡಗಿದರು. ಹೀಗೆ ರೂಪುಗೊಂಡ ನಾಲ್ಕು ತಂತಿಗಳ ಉಕುಲೇಲೆಯ ನಾದವನ್ನು ಇಂದಿಗೂ ಮುಖ್ಯವಾಗಿ ನಿರ್ಧರಿಸುವುದು ಮರವೇ ಆದ್ದರಿಂದ, ಬಣ್ಣಕ್ಕೂ ಅಲಂಕಾರಕ್ಕೂ ಮನಸೋಲುವ ಮೊದಲು ಕೊಳ್ಳುವವರು ಮರದ ಗುಣವನ್ನು ಅರಿಯುವುದು ಅವಶ್ಯಕ.

ಮೊದಲು ಅಳತೆ ನಿರ್ಧಾರವಾಗಬೇಕು. ಸುಮಾರು 21 ಅಂಗುಲದ ಸೊಪ್ರಾನೊ, 23 ಅಂಗುಲದ ಕನ್ಸರ್ಟ್ ಮತ್ತು 26 ಅಂಗುಲದ ಟೆನರ್‌ಗಳಿಗೆ ಸಾಮಾನ್ಯವಾಗಿ ಜಿ, ಸಿ, ಇ, ಎ ಎಂಬ ಒಂದೇ ಶ್ರುತಿಯಿರುತ್ತದೆ. 30 ಅಂಗುಲದ ಬ್ಯಾರಿಟೋನ್‌ನ ಶ್ರುತಿ ಬೇರೆಯಾಗಿರುವುದರಿಂದ ಹೊಸಬರಿಗೆ ಅದು ಸೂಕ್ತವಲ್ಲ. ವಯಸ್ಕರ ಬೆರಳುಗಳಿಗೆ ಕನ್ಸರ್ಟ್ ಅಳತೆಯೇ ಹೆಚ್ಚು ಅನುಕೂಲ.

ಅನಂತರ ಗಮನಿಸಬೇಕಾದದ್ದು ಮೇಲ್ಹಲಗೆ, ಅಂದರೆ ನಾದರಂಧ್ರವಿರುವ ಮುಂಭಾಗದ ಹಲಗೆ. ತಂತಿಯ ಕಂಪನವು ಕುದುರೆಯ, ಅಂದರೆ ತಂತಿಗಳನ್ನು ಹೊತ್ತಿರುವ ಬ್ರಿಡ್ಜ್‌ನ, ಮೂಲಕ ಈ ಹಲಗೆಗೆ ಇಳಿದು, ಹಲಗೆ ಕಂಪಿಸಿದಾಗಲೇ ಧ್ವನಿ ದೊಡ್ಡದಾಗುವುದರಿಂದ, ಹಿಂಬದಿ ಮತ್ತು ಪಕ್ಕಗಳಿಗಿಂತ ಇದರ ಪಾತ್ರ ಹಿರಿದು. ಮಹಾಗನಿಯ ನಾದ ಮೃದುವಾಗಿದ್ದು ಹಾಡಿನ ಜೊತೆಗೆ ನುಡಿಸುವವರಿಗೆ ಒಪ್ಪುತ್ತದೆ. ಹಗುರವೂ ಬಿಗಿಯೂ ಆದ ಸ್ಪ್ರೂಸ್ ಸ್ಪಷ್ಟವಾಗಿ, ಗಟ್ಟಿಯಾಗಿ ನುಡಿಯುವುದರಿಂದ ಸ್ವರಗಳನ್ನು ಬಿಡಿಬಿಡಿಯಾಗಿ ಮೀಟುವವರಿಗೆ ಹಿಡಿಸುತ್ತದೆ. ಸೀಡರ್ ಅದಕ್ಕಿಂತ ಮೆದು. ಕೋವಾದಲ್ಲಿ ಮಾಧುರ್ಯವೂ ಹೊಳಪೂ ಕೂಡಿರುತ್ತವೆಯಾದರೂ ಬೆಲೆ ಹೆಚ್ಚು. ಬೆರಳು ಊರುವ ಪಟ್ಟಿಗೂ ಕುದುರೆಗೂ ಪಶ್ಚಿಮಘಟ್ಟದಲ್ಲಿ ಬೆಳೆಯುವ ನಮ್ಮ ಬೀಟೆ ಮರವನ್ನು ಬಳಸುವುದುಂಟು.

ಮರದ ಹೆಸರಿನಷ್ಟೇ ಮುಖ್ಯವಾದ ಪ್ರಶ್ನೆಯೆಂದರೆ ಹಲಗೆ ಒಂದೇ ಮರದ್ದೋ, ತೆಳುಪದರಗಳನ್ನು ಅಂಟಿಸಿದ ಲ್ಯಾಮಿನೇಟೋ ಎಂಬುದು. ನಾದರಂಧ್ರದ ಅಂಚನ್ನು ಬೆಳಕಿನಲ್ಲಿ ನೋಡಿದಾಗ ಮೇಲಿನ ಮರದ ಗೆರೆಗಳು ಹಲಗೆಯ ದಪ್ಪದಲ್ಲೂ ಮುಂದುವರಿದಿದ್ದರೆ ಅದು ಒಂದೇ ಮರದ್ದು. ಪದರಗಳು ಕಂಡರೆ ಲ್ಯಾಮಿನೇಟ್. ಮೊದಲನೆಯದರ ನಾದ ತುಂಬಿಕೊಂಡಿರುತ್ತದೆ, ಆದರೆ ತೇವಾಂಶ ಏರಿಳಿದಂತೆ ಅದು ಉಬ್ಬುವ, ಬಿರಿಯುವ ಸಂಭವ ಹೆಚ್ಚಾದ್ದರಿಂದ ವಾದ್ಯವನ್ನು ಪೆಟ್ಟಿಗೆಯಲ್ಲಿಟ್ಟು ಕಾಪಾಡಬೇಕಾಗುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಅಷ್ಟು ಜತನ ಸಾಧ್ಯವಿಲ್ಲದವರು ಒಳ್ಳೆಯ ಲ್ಯಾಮಿನೇಟ್ ವಾದ್ಯವನ್ನು ಸಂಕೋಚವಿಲ್ಲದೆ ಆರಿಸಬಹುದು. ಹಣ ಸೀಮಿತವಾಗಿದ್ದರೆ ಮೇಲ್ಹಲಗೆ ಮಾತ್ರ ಒಂದೇ ಮರದ್ದಾಗಿದ್ದು ಉಳಿದದ್ದು ಲ್ಯಾಮಿನೇಟ್ ಆಗಿರುವ ವಾದ್ಯವೇ ಸರಿಯಾದ ಆಯ್ಕೆ.

ತಂತಿಗಳು ನೈಲಾನ್ ಅಥವಾ ಫ್ಲೋರೋಕಾರ್ಬನ್‌ನವಾಗಿರಬೇಕು. ಎರಡನೆಯದರ ನಾದ ತುಸು ಚುರುಕು. ಉಕ್ಕಿನ ತಂತಿಗಳ ಸೆಳೆತವನ್ನು ಸಾಮಾನ್ಯ ಉಕುಲೇಲೆ ತಾಳಲಾರದು, ಕುದುರೆಯೇ ಕಿತ್ತುಬರಬಹುದು.

ಕೊನೆಯದಾಗಿ, ಅಂಗಡಿಯಲ್ಲೇ ವಾದ್ಯವನ್ನು ಶ್ರುತಿಗೊಳಿಸಿ ಪ್ರತಿ ತಂತಿಯನ್ನೂ ಮೊದಲು ಒತ್ತದೆ, ಬಳಿಕ ಹನ್ನೆರಡನೆಯ ಫ್ರೆಟ್‌ನಲ್ಲಿ, ಅಂದರೆ ವೀಣೆಯ ಮೆಟ್ಟಿಲಿನಂತಿರುವ ಲೋಹದ ಪಟ್ಟಿಯ ಬಳಿ, ಒತ್ತಿ ಮೀಟಬೇಕು. ಅಲ್ಲಿ ಅದೇ ಸ್ವರ ಒಂದು ಸ್ಥಾಯಿ ಮೇಲೆ ಕರಾರುವಾಕ್ಕಾಗಿ ಕೇಳಬೇಕು. ಶ್ರುತಿ ನೋಡುವ ಮೊಬೈಲ್ ಆ್ಯಪ್ ಇದಕ್ಕೆ ಸಾಕು. ಸ್ವರ ಅಲ್ಲಿ ಸ್ಪಷ್ಟವಾಗಿ ತಪ್ಪುತ್ತಿದ್ದರೆ, ವಾದ್ಯ ಕೋವಾದ್ದೇ ಆಗಿದ್ದರೂ ಕೊಳ್ಳಬಾರದು.