ಕುಡ್ಲದ ಊಟ: ಬೆಳಗಿನ ಬನ್ಸ್‌ನಿಂದ ರಾತ್ರಿಯ ಗಡ್‌ಬಡ್‌ವರೆಗೆ

ತುಳುವಿನಲ್ಲಿ ಕುಡ್ಲ ಎನ್ನುವ ಮಂಗಳೂರಿಗೆ ಹೋದವರು ಏನು ತಿನ್ನಬೇಕು? ಯಾವ ಹೊತ್ತಿಗೆ, ಯಾವುದರ ಜೊತೆ ತಿನ್ನಬೇಕು? ಒಂದು ದಿನದ ಓಡಾಟಕ್ಕೆ ಹೊಂದುವ ಮಾಹಿತಿ ಇಲ್ಲಿದೆ.

ಬೆಂಗಳೂರಿನಲ್ಲಿ ರಾತ್ರಿ ಬಸ್ಸು ಹತ್ತಿದವರು ಬೆಳಗಾಗುವಾಗ ಮಂಗಳೂರಿನಲ್ಲಿ ಇಳಿಯುತ್ತಾರೆ. ದೇವಸ್ಥಾನ, ಬೀಚು ಮುಗಿಸಿ ರಾತ್ರಿ ಮತ್ತೆ ಬಸ್ಸು. ಈ ನಡುವೆ ಊಟಕ್ಕೆಂದು ಮೊಬೈಲಿನಲ್ಲಿ ಹುಡುಕಿದರೆ ಕೋರಿ ರೊಟ್ಟಿ, ನೀರ್ ದೋಸೆ, ಗೋಳಿಬಜೆ, ಘೀ ರೋಸ್ಟ್ ಎಂಬ ಅದೇ ನಾಲ್ಕು ಹೆಸರು ಬರುತ್ತವೆ. ಹೆಸರುಗಳೇನೋ ಸರಿ. ಆದರೆ ಆರಿದ ಗೋಳಿಬಜೆ ತಿಂದು, ಜುಲೈ ಮಳೆಯಲ್ಲಿ ತಾಜಾ ಅಂಜಲ್ ಮೀನು ಹುಡುಕಿ, ಕೋರಿ ರೊಟ್ಟಿಯನ್ನು ಚಪಾತಿಯ ಹಾಗೆ ಸಾರಿಗೆ ಅದ್ದಿಕೊಂಡು ತಿಂದರೆ ಮಂಗಳೂರಿನ ರುಚಿ ದಕ್ಕುವುದಿಲ್ಲ. ಇಲ್ಲಿನ ಅಡುಗೆ ಹೊತ್ತು, ಋತು, ಜೋಡಿ ಈ ಮೂರನ್ನೂ ಕೇಳುತ್ತದೆ. ಇವು ಗೊತ್ತಿದ್ದರೆ ಸಣ್ಣ ಹೋಟೆಲಿನಲ್ಲಿಯೂ ಒಳ್ಳೆಯ ಊಟ ಸಿಗುತ್ತದೆ.

ಇನ್ನೊಂದು ವಿಷಯ. ಮಂಗಳೂರಿನ ಅಡುಗೆ ಒಂದೇ ಮನೆಯದಲ್ಲ. ಕೋರಿ ರೊಟ್ಟಿ, ಪುಂಡಿ ತುಳುವರದು, ಬಿಸ್ಕುಟ್ ರೊಟ್ಟಿ, ದಾಳಿತೋಯ್ ಗೌಡ ಸಾರಸ್ವತರದು, ಸನ್ನ, ಬಾಫತ್ ಕ್ರೈಸ್ತರದು, ಪತ್ತಿರ್ ಬ್ಯಾರಿ ಮುಸ್ಲಿಮರದು. ತೆಂಗು, ಅಕ್ಕಿ, ಹುಳಿ, ಮೆಣಸು ಎಲ್ಲ ಮನೆಗಳಲ್ಲೂ ಇವೆ, ಅರೆಯುವ ಲೆಕ್ಕ ಮಾತ್ರ ಬೇರೆ. ಒಂದೇ ಹೋಟೆಲಿನಲ್ಲಿ ಎಲ್ಲವನ್ನೂ ಮುಗಿಸುವ ಯೋಚನೆ ಬಿಡಿ.

ಹೆಜ್ಜೆ 1: ಹೊರಡುವ ಮೊದಲು ತಿಂಗಳು ನೋಡಿ

ಮೀನಿಗಾಗಿಯೇ ಬರುವವರು ಜೂನ್, ಜುಲೈ ತಪ್ಪಿಸುವುದು ಒಳ್ಳೆಯದು. ಮೀನಿನ ಸಂತಾನ ಉಳಿಯಲೆಂದು ಕರ್ನಾಟಕ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆಗ ನಾಡದೋಣಿಯವರು ತರುವ ಅಲ್ಪಸ್ವಲ್ಪ ಮೀನು ಬಿಟ್ಟರೆ ಹೊರಗಿನಿಂದ ಐಸ್ ಹಾಕಿ ಬಂದದ್ದೇ ಗತಿ, ಬೆಲೆಯೂ ಹೆಚ್ಚು. ಆಗಸ್ಟ್‌ನಲ್ಲಿ ಬೋಟುಗಳು ಮತ್ತೆ ಕಡಲಿಗಿಳಿಯುತ್ತವೆ. ಮಳೆ ಇಳಿಮುಖವಾಗುವ ಸೆಪ್ಟೆಂಬರ್‌ನಿಂದ ಫೆಬ್ರವರಿವರೆಗಿನ ಕಾಲ ಮೀನಿನವರಿಗೆ ಹೇಳಿ ಮಾಡಿಸಿದ್ದು.

ಹಾಗೆಂದು ಮಳೆಗಾಲದಲ್ಲಿ ಬಂದವರು ಬರಿಗೈಯಲ್ಲಿ ಹೋಗುವುದಿಲ್ಲ. ಪತ್ರೊಡೆಯ ಕಾಲ ಅದು. ಕೆಸುವಿನ ಎಲೆಗೆ ಹುಳಿ, ಬೆಲ್ಲ, ಖಾರ ಸೇರಿಸಿ ಅರೆದ ಅಕ್ಕಿ ಹಿಟ್ಟು ಸವರಿ, ಒಂದರ ಮೇಲೊಂದು ಇಟ್ಟು ಸುತ್ತಿ, ಹಬೆಯಲ್ಲಿ ಬೇಯಿಸುತ್ತಾರೆ. ಕೆಸುವಿನ ತುರಿಕೆಯನ್ನು ಮುರಿಯುವುದು ಆ ಹುಣಸೆಹುಳಿ. ಪತ್ರೊಡೆಯಲ್ಲಿ ಹುಳಿ ಮುಂದಿರುವುದು ಇದೇ ಕಾರಣಕ್ಕೆ. ಕಣಿಲೆ (ಎಳೆ ಬಿದಿರು), ಅರಿಶಿನ ಎಲೆಯಲ್ಲಿ ಬೇಯಿಸಿದ ಸಿಹಿ ಗಟ್ಟಿ, ಹಲಸಿನ ಹಣ್ಣಿನ ಗಟ್ಟಿ ಕೂಡ ಈ ದಿನಗಳವು. ತುಳು ಪಂಚಾಂಗದ ಆಟಿ ತಿಂಗಳ ಅಮಾವಾಸ್ಯೆಯಂದು ತುಳುವರು ಹಾಲೆ ಮರದ ಕೆತ್ತೆಯ ಕಷಾಯ ಕುಡಿದು ಮೆಂತೆ ಗಂಜಿ ಉಣ್ಣುತ್ತಾರೆ. ಬಲ್ಲವರ ಮನೆಯಲ್ಲಿ ಕೊಟ್ಟರೆ ಮಾತ್ರ ಈ ಕಷಾಯ ಕುಡಿಯಿರಿ. ಮರ ಗುರುತಿಸಲು ತಪ್ಪಿ ಬೇರೆ ಮರದ ತೊಗಟೆ ತಂದರೆ ಪ್ರಾಣಕ್ಕೇ ಅಪಾಯ.

ಹೆಜ್ಜೆ 2: ಬೆಳಗಿನ ತಿಂಡಿ ಬಿಸಿಯಾಗಿರಲಿ

ನೀರ್ ದೋಸೆಯಿಂದ ಆರಂಭಿಸಿ. ನೆನೆಸಿದ ಬೆಳ್ತಿಗೆ (ಬಿಳಿ) ಅಕ್ಕಿಯನ್ನು ನುಣ್ಣಗೆ ಅರೆದು, ನೀರಾಗಿ ಕಲಸಿ, ಹುಳಿ ಬರಿಸದೆ ಹುಯ್ಯುವ ದೋಸೆ ಇದು. ಕಾವಲಿಯಿಂದ ಇಳಿದ ಕೂಡಲೇ ಮೃದುವಾಗಿರುತ್ತದೆ, ಆರಿದರೆ ಬಿರುಸಾಗುತ್ತದೆ. ಬೆಳಿಗ್ಗೆ ಬೆಲ್ಲ ಬೆರೆಸಿದ ತೆಂಗಿನ ತುರಿಯ ಜೊತೆ, ಮಾಂಸ ತಿನ್ನುವವರು ಮಧ್ಯಾಹ್ನ ಕೋಳಿ ಗಸಿಯ ಜೊತೆ ತಿನ್ನಬಹುದು.

ಬನ್ಸ್ ಎಂದರೆ ಬೇಕರಿಯ ಬನ್ ಅಲ್ಲ. ಚೆನ್ನಾಗಿ ಕಳಿತ ಬಾಳೆಹಣ್ಣನ್ನು ಕಿವುಚಿ ಮೈದಾ, ಮೊಸರು, ಸಕ್ಕರೆ, ಜೀರಿಗೆ ಸೇರಿಸಿ ಕಲಸಿ, ರಾತ್ರಿಯಿಡೀ ಇಟ್ಟು, ಬೆಳಿಗ್ಗೆ ದಪ್ಪ ಪೂರಿಯಂತೆ ಲಟ್ಟಿಸಿ ಕರಿಯುತ್ತಾರೆ. ಸಿಹಿ ಬನ್ಸ್‌ಗೆ ಖಾರದ ಚಟ್ನಿ, ಸಾಂಬಾರು ಜೋಡಿ. ಬನ್ಸ್ ಬರಿದೇ ತಿಂದು ಎದ್ದುಬಿಡಬೇಡಿ, ಚಟ್ನಿ ಕೇಳಿ.

ಬಿಸ್ಕುಟ್ ರೊಟ್ಟಿಯ ಒಳಗೆ ಬಿಸ್ಕತ್ತು ಇರುವುದಿಲ್ಲ. ಉದ್ದು, ತೆಂಗಿನ ತುರಿ, ಮೆಣಸಿನ ಹೂರಣ ತುಂಬಿ ಕರಿದ ಗರಿಗರಿ ಪೂರಿ ಇದು. ಕೊಡಿಯಾಲಬೈಲಿನ ನ್ಯೂ ತಾಜ್‌ಮಹಲ್ ಕೆಫೆಯಂತಹ ಹಳೆಯ ಸಸ್ಯಾಹಾರಿ ಹೋಟೆಲುಗಳಲ್ಲಿ ಬನ್ಸ್, ಗೋಳಿಬಜೆಗಳ ಸಾಲಿನಲ್ಲೇ ಇದನ್ನೂ ಕೇಳಿ ನೋಡಿ. ಹಂಪನಕಟ್ಟೆ, ರಥಬೀದಿ ಸುತ್ತಲಿನ ಬೆಳಗಿನ ಹೋಟೆಲುಗಳೂ ನಂಬಿಕೆಗೆ ಅರ್ಹ. ಜನ ಹೆಚ್ಚಿರುವ ಕಡೆ ಹೋಗಿ. ಅಲ್ಲಿ ಬಾಣಲೆ ಆರುವುದೇ ಇಲ್ಲ.

ಮೂಡೆ ಕಂಡರೆ ಬಿಡಬೇಡಿ. ಕೇದಗೆಯ ಎಲೆಯನ್ನು ಕೊಳವೆಯಾಗಿ ಸುತ್ತಿ ಒಳಗೆ ಇಡ್ಲಿ ಹಿಟ್ಟು ಹುಯ್ದು ಬೇಯಿಸಿದ್ದು ಮೂಡೆ. ಹಲಸಿನ ಎಲೆಯ ಕೊಟ್ಟೆಯಲ್ಲಿ ಬೇಯಿಸಿದ್ದು ಕೊಟ್ಟೆ ಕಡುಬು. ಎಲೆಯ ಪರಿಮಳ ಹಿಟ್ಟಿಗೆ ಇಳಿಯುವುದೇ ಇವುಗಳ ಹೆಚ್ಚುಗಾರಿಕೆ.

ಹೆಜ್ಜೆ 3: ಮೀನೂಟಕ್ಕೆ ಹೊತ್ತು ಮೀರಬೇಡಿ

ಮೀನಿನ ಹೋಟೆಲಿಗೆ ಹನ್ನೆರಡೂವರೆಯ ಹೊತ್ತಿಗೆ ತಲುಪಿ. ಎರಡು ಗಂಟೆ ದಾಟಿದರೆ ಒಳ್ಳೆಯ ಮೀನು ಖಾಲಿಯಾಗಿರುತ್ತದೆ, ಹೊರಗೆ ಸಾಲೂ ಬೆಳೆದಿರುತ್ತದೆ. ಬಂದರಿನ ಹೋಟೆಲ್ ನಾರಾಯಣ, ರಥಬೀದಿ ಸಮೀಪದ ಗಿರಿ ಮಂಜಾಸ್ ಊರಿನವರೇ ಕಾದು ನಿಂತು ಉಣ್ಣುವ ಜಾಗಗಳು. ಮೇಜು ಹಂಚಿಕೊಂಡು ಕೂರಬೇಕಾಗಬಹುದು, ಸಂಕೋಚ ಬೇಡ.

ಮೀನೂಟ ಎಂದರೆ ಕುಚ್ಚಲಕ್ಕಿ ಅನ್ನ, ಮೀನಿನ ಸಾರು, ಒಂದು ಪಲ್ಯ, ಉಪ್ಪಿನಕಾಯಿ. ಫ್ರೈ ಬೇರೆಯಾಗಿ ಹೇಳಬೇಕು. ಭತ್ತವನ್ನು ಕುದಿಸಿ ಒಣಗಿಸಿದ ಮೇಲೆ ಮಿಲ್ ಮಾಡಿದ ಅಕ್ಕಿ ಕುಚ್ಚಲಕ್ಕಿ. ಅಗುಳು ದಪ್ಪ, ಬಣ್ಣ ಕೆಂಪುಗಂದು. ಕಾಯಿ ಅರೆದ ದಪ್ಪ ಸಾರನ್ನು ಹಿಡಿದಿಟ್ಟುಕೊಳ್ಳುವುದರಲ್ಲಿ ಬಿಳಿ ಅನ್ನ ಇದಕ್ಕೆ ಸಾಟಿಯಲ್ಲ. ಬೆಳ್ತಿಗೆ ಅನ್ನ ಇದ್ದರೂ ಒಮ್ಮೆ ಕುಚ್ಚಲಕ್ಕಿಯನ್ನೇ ಹಾಕಿಸಿಕೊಳ್ಳಿ.

ಯಾವ ಮೀನು ಆರಿಸಬೇಕು?

ಕಾಣೆ: ನಡುವೆ ಒಂದು ಮುಳ್ಳು, ಸುತ್ತ ಬೆಳ್ಳಗಿನ ಮೃದು ಮಾಂಸ. ಮೀನು ಹೊಸದಾಗಿ ತಿನ್ನುವವರಿಗೆ, ಮಕ್ಕಳಿಗೆ ಒಳ್ಳೆಯದು. ಫ್ರೈ ಮಾಡಿಸಿ.

ಬಂಗುಡೆ: ಹುಳಿ, ಖಾರ ಎರಡೂ ಮುಂದಿರುವ ಪುಳಿಮುಂಚಿಗೆ ತಕ್ಕ ಮೀನು. ಮಂಗಳೂರಿನ ಸಾರಿನ ಗುಣ ತಿಳಿಯಬೇಕೆಂದರೆ ಇದನ್ನೇ ತಿನ್ನಬೇಕು.

ಬೂತಾಯಿ: ಅಗ್ಗ, ರುಚಿ ಜೋರು, ಮುಳ್ಳು ಹೆಚ್ಚು. ಕೈಯಿಂದ ಬಿಡಿಸಿ ತಿನ್ನುವ ತಾಳ್ಮೆ ಬೇಕು.

ಅಂಜಲ್, ಮಾಂಜಿ: ದುಬಾರಿ ಮೀನುಗಳು. ಗಾತ್ರದ ಮೇಲೆ ಬೆಲೆ ಇರುವುದರಿಂದ ಹೇಳುವ ಮೊದಲೇ ಕೇಳಿಕೊಳ್ಳಿ.

ಎಟ್ಟಿ, ಮರುವಾಯಿ: ಎಟ್ಟಿ ಎಂದರೆ ಸಿಗಡಿ, ಮರುವಾಯಿ ಎಂದರೆ ಚಿಪ್ಪುಮೀನು. ಕಾಯಿತುರಿ ಹಾಕಿದ ಮರುವಾಯಿ ಸುಕ್ಕ ಹೊರಗೆ ಸುಲಭವಾಗಿ ಸಿಗದ ತಿನಿಸು. ಚಿಪ್ಪಿನ ಜೀವಿಗಳು ಮೈಗೆ ಒಗ್ಗದವರು ಇವೆರಡರಿಂದ ದೂರವಿರಿ.

ರವಾ ಫ್ರೈ ಗರಿಗರಿಯಾಗಿರುತ್ತದೆ ನಿಜ. ಮೀನಿನ ತಾಜಾತನ ನಾಲಿಗೆಗೆ ತಿಳಿಯಬೇಕಾದರೆ ಮಸಾಲೆ ಸವರಿದ ತವಾ ಫ್ರೈ ಹೇಳಿ. ಅಲ್ಲಿ ಹಳೆಯ ಮೀನನ್ನು ಮುಚ್ಚಿಡಲಾಗದು. ಫ್ರೈಯ ಕೆಂಪು ಬಣ್ಣಕ್ಕೆ ಹೆದರಬೇಡಿ. ಇಲ್ಲಿ ಹೆಚ್ಚಾಗಿ ಬಳಸುವ ಬ್ಯಾಡಗಿ ಮೆಣಸು ಬಣ್ಣ ಕೊಡುವಷ್ಟು ಖಾರ ಕೊಡುವುದಿಲ್ಲ.

ಹೆಜ್ಜೆ 4: ಕೋರಿ ರೊಟ್ಟಿ ತಿನ್ನುವ ಕ್ರಮ

ಕುಚ್ಚಲಕ್ಕಿ ಹಿಟ್ಟನ್ನು ಬಿಸಿ ಕಾವಲಿಯ ಮೇಲೆ ಕಾಗದದಷ್ಟು ತೆಳ್ಳಗೆ ಹರಡಿ ಒಣಗಿಸಿದ ಗರಿಗರಿ ರೊಟ್ಟಿ ಇದು. ಮೊದಲು ರೊಟ್ಟಿಯನ್ನು ತಟ್ಟೆಯಲ್ಲಿ ಮುರಿದು ಹರಡಿ. ಮೇಲೆ ಕಾಯಿಹಾಲು ಹಾಕಿದ ಕೋಳಿ ಸಾರನ್ನು ಧಾರಾಳವಾಗಿ ಸುರಿಯಿರಿ. ಕೊಂಚ ಹೊತ್ತು ಬಿಡಿ. ಅಡಿಯ ತುಂಡು ನೆನೆದು, ಮೇಲಿನದು ಇನ್ನೂ ಗರಿಯಾಗಿರುವಾಗ ಕೈಯಲ್ಲಿ ಕಲಸಿ ತಿನ್ನಿ. ಸಾರು ಮುಗಿದರೆ ಮತ್ತೆ ಕೇಳಿ. ಒಣ ರೊಟ್ಟಿಗೆ ಸಾರು ಬೇಕೇ ಬೇಕು.

ಕೋರಿ (ಕೋಳಿ) ಸುಕ್ಕ ಒಣ ಪಲ್ಯದಂಥದ್ದು, ಹುರಿದ ಮಸಾಲೆಗೆ ಕಾಯಿತುರಿ ಸೇರಿರುತ್ತದೆ. ಘೀ ರೋಸ್ಟ್‌ನ ಹುಟ್ಟೂರು ಕುಂದಾಪುರ. ಅಲ್ಲಿನ ಶೆಟ್ಟಿ ಲಂಚ್ ಹೋಮ್‌ನ ಹೆಸರು ಈ ತಿನಿಸಿನ ಜೊತೆಗೇ ಬೆಳೆದಿದೆ. ಮಂಗಳೂರಿನಲ್ಲೂ ಚೆನ್ನಾಗಿ ಮಾಡುತ್ತಾರೆ. ತುಪ್ಪ, ಹುಳಿ, ಮೆಣಸು ಮೂರೂ ಗಟ್ಟಿಯಾಗಿರುವ ಇದಕ್ಕೆ ಸಪ್ಪೆ ನೀರ್ ದೋಸೆಯೇ ತಕ್ಕ ಜೋಡಿ. ಕೋರಿ ರೊಟ್ಟಿ, ಘೀ ರೋಸ್ಟ್ ಎರಡನ್ನೂ ಒಂದೇ ಊಟದಲ್ಲಿ ತುರುಕಬೇಡಿ. ಒಂದನ್ನು ರಾತ್ರಿಗೆ ಇಡಿ.

ಕ್ರೈಸ್ತರ ಅಡುಗೆಯಲ್ಲಿ ಸನ್ನ ಮತ್ತು ದುಕ್ರಾಮಾಸ್ ಪ್ರಸಿದ್ಧ. ಇಡ್ಲಿಗಿಂತ ಹಗುರಾಗಿ ಉಬ್ಬುವ ಸನ್ನದ ಹಿಟ್ಟಿಗೆ ಹಿಂದೆ ಶೇಂದಿ ಹಾಕುತ್ತಿದ್ದರು, ಈಗ ಯೀಸ್ಟ್ ಹಾಕುವವರು ಹೆಚ್ಚು. ದುಕ್ರಾಮಾಸ್ ಎಂದರೆ ಹಂದಿಮಾಂಸ, ಅದಕ್ಕೆ ಬಾಫತ್ ಪುಡಿಯ ಮಸಾಲೆ. ಬ್ಯಾರಿ ಮನೆಗಳ ಅಕ್ಕಿ ಪತ್ತಿರ್, ಬಿರಿಯಾನಿಗೆ ಬಂದರು ಭಾಗದಲ್ಲಿ ಹುಡುಕಿ. ರಂಜಾನ್ ಸಂಜೆಗಳಲ್ಲಿ ಅಲ್ಲಿ ತಿನಿಸುಗಳ ಸಾಲೇ ಇರುತ್ತದೆ.

ಸಸ್ಯಾಹಾರಿಗಳಿಗೆ

ಕೊಂಕಣಿ ಶೈಲಿಯ ಊಟ ಸಿಗುವ ಹೋಟೆಲು ನೋಡಿ. ಇಂಗಿನ ಒಗ್ಗರಣೆಯ ದಾಳಿತೋಯ್, ಎಳೆ ಗೇರುಬೀಜ ಹಾಕಿದ ತೊಂಡೆಕಾಯಿ ಉಪ್ಕರಿ, ಮಂಗಳೂರು ಸೌತೆಯ ಹುಳಿ, ಕಡಲೆ ಗಸಿ, ಜೀಗುಜ್ಜೆ ಪೋಡಿ (ದೀವಿಹಲಸಿನ ಬಜ್ಜಿ) ಇವುಗಳಲ್ಲಿ ಎರಡು ಸಿಕ್ಕರೂ ಊಟ ಸಾರ್ಥಕ. ಪುಂಡಿ, ಅಂದರೆ ಅಕ್ಕಿಯ ಉಂಡೆ ಕಡುಬು, ಸಾಮಾನ್ಯವಾಗಿ ಸಸ್ಯಾಹಾರವೇ, ಆದರೆ ಜೊತೆಗೆ ಬರುವ ಸಾರು ಯಾವುದೆಂದು ಕೇಳಿ ಖಚಿತಪಡಿಸಿಕೊಳ್ಳಿ.

ಹೆಜ್ಜೆ 5: ಸಂಜೆ ನಾಲ್ಕರ ನಂತರ

ಇದು ಗೋಳಿಬಜೆಯ ಹೊತ್ತು. ಹುಳಿ ಮೊಸರಿನಲ್ಲಿ ಮೈದಾ ಕಲಸಿ, ಹಸಿಮೆಣಸು, ಶುಂಠಿ, ಕಾಯಿಚೂರು ಸೇರಿಸಿ, ಕೆಲವು ಗಂಟೆ ಬಿಟ್ಟು, ಕೈಯಿಂದಲೇ ಎಣ್ಣೆಗೆ ಬಿಡುತ್ತಾರೆ. ಹೊರಗೆ ಕೆಂಪು, ಒಳಗೆ ಜಾಳಿಗೆ. ಬಾಣಲೆಯಿಂದ ನೇರವಾಗಿ ತಟ್ಟೆಗೆ ಬಂದದ್ದನ್ನೇ ತಿನ್ನಿ, ಕಾಯಿ ಚಟ್ನಿ ಮರೆಯಬೇಡಿ.

ಬೀಚಿಗೆ ಹೋದರೆ ಚರ್ಮುರಿ. ಪಣಂಬೂರಿನ ಗಾಡಿಗಳಲ್ಲಿ ಮಂಡಕ್ಕಿಗೆ ಈರುಳ್ಳಿ, ಟೊಮೆಟೊ, ಕ್ಯಾರೆಟ್ ತುರಿ, ಮಾವಿನಕಾಯಿ, ಖಾರದ ಪುಡಿ ಹಾಕಿ ತೆಂಗಿನೆಣ್ಣೆಯಲ್ಲಿ ಕಲಸಿ ಕೊಡುತ್ತಾರೆ. ಕಲಸಿದ ಕೂಡಲೇ ತಿಂದರೆ ಚೆಂದ, ತಡವಾದರೆ ಮೆತ್ತಗಾಗುತ್ತದೆ. ತಿಂದ ಪೊಟ್ಟಣವನ್ನು ಮರಳಿನಲ್ಲಿ ಬಿಡದೆ ಕಸದ ಬುಟ್ಟಿಗೆ ಹಾಕಿ.

ಹೆಜ್ಜೆ 6: ಸೆಕೆಗೆ ತಕ್ಕ ಪಾನೀಯ

ಮಂಗಳೂರಿನ ಬಿಸಿಲಿಗಿಂತ ಬೆವರು ಹೆಚ್ಚು ದಣಿಸುತ್ತದೆ. ರಸ್ತೆ ಬದಿಯ ಬೊಂಡ, ಅಂದರೆ ಎಳನೀರು, ಮೊದಲ ಮದ್ದು. ಎರಡನೆಯದು ಪುನರ್ಪುಳಿ (ಕೋಕಂ) ಶರಬತ್ತು. ಬೇಸಗೆಯ ಕೊನೆಯಲ್ಲಿ ಹಣ್ಣಾಗುವ ಪುನರ್ಪುಳಿಯ ಸಿಪ್ಪೆಯನ್ನು ಒಣಗಿಸಿ ವರ್ಷವಿಡೀ ಬಳಸುತ್ತಾರೆ. ನೀರಿಗೆ ಹಾಕಿದರೆ ಕಡುಗೆಂಪು ಬಣ್ಣ ಬಿಡುತ್ತದೆ. ಊಟದ ಕೊನೆಗೆ ಪುನರ್ಪುಳಿ ಸಾರು ಸಿಕ್ಕರೆ ಅದನ್ನೂ ಕುಡಿಯಿರಿ, ಎಣ್ಣೆ ಮಸಾಲೆಯ ಊಟದ ನಂತರ ನಾಲಿಗೆ ತಿಳಿಯಾಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಈರೋಳು, ಅಂದರೆ ತಾಟಿನುಂಗು, ದಾರಿ ಬದಿಯಲ್ಲೇ ಸಿಗುತ್ತದೆ. ಕಾಫಿ ಬೇಡವೆನ್ನುವವರಿಗೆ ಕೊತ್ತಂಬರಿ, ಜೀರಿಗೆಯ ಪುಡಿಗೆ ಹಾಲು ಬೆರೆಸಿದ ಕಷಾಯವಿದೆ.

ಹೆಜ್ಜೆ 7: ಕೊನೆಗೆ ಐಸ್‌ಕ್ರೀಮ್

1975ರಲ್ಲಿ ಪ್ರಭಾಕರ ಕಾಮತ್ ಆರಂಭಿಸಿದ ಐಡಿಯಲ್ ಐಸ್‌ಕ್ರೀಮ್ ಇಂದು ಊರಿನ ಗುರುತು. ಲಾಲ್‌ಬಾಗ್‌ನ ಪಬ್ಬಾಸ್ ಅವರದೇ. ಉದ್ದ ಗ್ಲಾಸಿನಲ್ಲಿ ಐಸ್‌ಕ್ರೀಮ್, ಜೆಲ್ಲಿ, ಹಣ್ಣು, ಒಣಹಣ್ಣುಗಳನ್ನು ಪದರ ಪದರವಾಗಿ ತುಂಬಿದ ಗಡ್‌ಬಡ್ ಅನ್ನು ಇಬ್ಬರು ಹಂಚಿಕೊಳ್ಳಬಹುದು. ಇದು ಮೊದಲು ಹುಟ್ಟಿದ್ದು ಉಡುಪಿಯಲ್ಲಿ ಎನ್ನುವವರೂ ಇದ್ದಾರೆ, ಮಂಗಳೂರಿನಲ್ಲಿ ಎನ್ನುವವರೂ ಇದ್ದಾರೆ. ರಾತ್ರಿಯ ಊಟ ಹಗುರಾಗಿದ್ದರೆ ಮಾತ್ರ ಗಡ್‌ಬಡ್‌ಗೆ ಜಾಗ ಉಳಿಯುತ್ತದೆ.

ಮನೆಗೆ ಏನು ಒಯ್ಯಬೇಕು?

ಒಣ ಪುನರ್ಪುಳಿ ಸಿಪ್ಪೆ, ಪೊಟ್ಟಣದ ಕೋರಿ ರೊಟ್ಟಿ, ಹಲಸಿನ ಹಪ್ಪಳ, ಬಾಫತ್ ಪುಡಿ, ಗೇರುಬೀಜ ಕೆಡದೆ ಉಳಿಯುವ ವಸ್ತುಗಳು. 1973ರಲ್ಲಿ ಮಂಗಳೂರಿನಲ್ಲಿ ಸ್ಥಾಪನೆಯಾದ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊದ ಚಾಕೊಲೇಟ್ ಪುತ್ತೂರಿನ ಕಾರ್ಖಾನೆಯಲ್ಲಿ ತಯಾರಾಗುತ್ತದೆ. ಕೊಂಡರೆ ಲಾಭ ಕೊಕ್ಕೊ ಬೆಳೆಯುವ ರೈತರಿಗೂ ತಲುಪುತ್ತದೆ. ಡಿಸೆಂಬರ್‌ನಲ್ಲಿ ಬಂದವರು ಬೇಕರಿಗಳಲ್ಲಿ ಕುಸ್ವಾರ್ ಕೇಳಿ. ಕ್ರಿಸ್‌ಮಸ್‌ಗೆ ಮಾಡುವ ನೆವ್ರಿ, ಕಿಡಿಯೊ, ಗುಳಿಯೊಗಳ ಪೊಟ್ಟಣ ಅದು.

ಕೊನೆಯದಾಗಿ ಒಂದು ಮಾತು. ಒಂದೇ ದಿನದಲ್ಲಿ ಪಟ್ಟಿಯಲ್ಲಿದ್ದದ್ದನ್ನೆಲ್ಲ ಮುಗಿಸಲು ಹೊರಟರೆ ಯಾವುದರ ರುಚಿಯೂ ನೆನಪಿರುವುದಿಲ್ಲ. ಬೆಳಿಗ್ಗೆ ಒಂದು ತಿಂಡಿ, ಮಧ್ಯಾಹ್ನ ಒಂದು ಮೀನು, ಸಂಜೆ ಒಂದು ಕರಿದದ್ದು, ನಡುವೆ ಪುನರ್ಪುಳಿ, ಇಷ್ಟು ಸಾಕು. ಏನು ತಿನ್ನಲಿ ಎಂದು ಗೊಂದಲವಾದರೆ ಹೋಟೆಲಿನವರನ್ನೇ ಕೇಳಿ: "ಇವತ್ತು ಯಾವ ಮೀನು ಒಳ್ಳೆಯದಿದೆ?" ಮಂಗಳೂರಿನಲ್ಲಿ ಈ ಪ್ರಶ್ನೆಗೆ ನೇರ ಉತ್ತರ ಸಿಗುತ್ತದೆ. ಆ ಉತ್ತರವನ್ನು ನಂಬಿ ಊಟ ಹೇಳಿ.