ಶಿಕ್ಷಕರ ಆನ್‌ಲೈನ್ ತರಬೇತಿ: ಐದು ನಿಮಿಷದ ಧ್ವನಿಮುದ್ರಣದಿಂದ ಶುರು ಮಾಡಿ

ಪ್ರತಿಯೊಬ್ಬ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿ ಕಲಿಕೆಯಲ್ಲಿ ತೊಡಗಬೇಕು ಎನ್ನುತ್ತದೆ 2020ರ ರಾಷ್ಟ್ರೀಯ ಶಿಕ್ಷಣ ನೀತಿ. ಈ ಗಂಟೆಗಳಲ್ಲಿ ಸಾಕಷ್ಟು ಪಾಲು ಈಗ ಮೊಬೈಲಿಗೆ ಬಂದಿದೆ. ದೀಕ್ಷಾ ವೇದಿಕೆ 2017ರ ಶಿಕ್ಷಕರ ದಿನದಂದು ಶುರುವಾಯಿತು. 2019ರಲ್ಲಿ ಮುಖಾಮುಖಿ ತರಬೇತಿಯಾಗಿ ಆರಂಭವಾದ ನಿಷ್ಠಾ, ಕೋವಿಡ್ ಕಾಲದಲ್ಲಿ ಅದೇ ದೀಕ್ಷಾದ ಮೇಲೆ ಕೋರ್ಸುಗಳ ಸರಣಿಯಾಯಿತು. ಇಂಥ ಕೋರ್ಸು ಹೇಗೆ ಮುಗಿಯುತ್ತದೆ ಎಂಬುದು ಶಾಲೆಯ ಸ್ಟಾಫ್ ರೂಮಿನಲ್ಲಿ ಗುಟ್ಟಿನ ವಿಷಯವೇನಲ್ಲ. ವಿಡಿಯೊ ಒಂದು ಕಡೆ ಓಡುತ್ತಿರುತ್ತದೆ, ಹಾಜರಿ ಪುಸ್ತಕ ಇನ್ನೊಂದು ಕಡೆ ತೆರೆದಿರುತ್ತದೆ, ಕೊನೆಯ ಕ್ವಿಜ್‌ನ ಉತ್ತರಗಳು ಗ್ರೂಪಿನಲ್ಲಿ ಬಂದು ಬಿದ್ದಿರುತ್ತವೆ. ಇದಕ್ಕೆ ಶಿಕ್ಷಕರನ್ನು ಸೋಮಾರಿಗಳೆಂದು ಬೈಯುವುದು ಸುಲಭ. ಆದರೆ ಕೋರ್ಸನ್ನು ಕಟ್ಟಿರುವ ರೀತಿಯೇ ಹಾಗಿದೆ: ಮೇಲಿನಿಂದ ಮಾಹಿತಿ ಇಳಿಯುತ್ತದೆ, ಕೆಳಗಿನ ತರಗತಿಯಲ್ಲಿ ಏನಾಗುತ್ತಿದೆ ಎಂಬುದು ಯಾರ ಕಿವಿಗೂ ಬೀಳುವುದಿಲ್ಲ. ತಂತ್ರಜ್ಞಾನವನ್ನು ಮೊದಲು ಬಳಸಬೇಕಾದದ್ದು ಈ ಎರಡನೆಯ ದಿಕ್ಕಿನಲ್ಲಿ, ತರಗತಿಯ ಸದ್ದು ಸಹೋದ್ಯೋಗಿಗಳಿಗೆ ಮುಟ್ಟುವಂತೆ. ಡಯಟ್ ಉಪನ್ಯಾಸಕರು, ಬಿ.ಇಡಿ ಕಾಲೇಜಿನ ಅಧ್ಯಾಪಕರು, ಸಿಆರ್‌ಪಿಗಳು, ಅಥವಾ ಯಾರ ಆದೇಶಕ್ಕೂ ಕಾಯದೆ ಅಕ್ಕಪಕ್ಕದ ನಾಲ್ಕು ಶಾಲೆಗಳ ಶಿಕ್ಷಕರೇ ಸೇರಿ ಇದನ್ನು ಮಾಡಬಹುದು. ಹೇಗೆಂದು ಮುಂದೆ ನೋಡೋಣ.

ಮೊದಲು, ಇದನ್ನು ನಂಬುವುದಕ್ಕೆ ಕಾರಣಗಳೇನು? ಹಾರ್ವರ್ಡ್ ಮತ್ತು ಎಂಐಟಿಯಂಥ ಸಂಸ್ಥೆಗಳು ತಮ್ಮ ಉಚಿತ ಆನ್‌ಲೈನ್ ಕೋರ್ಸುಗಳನ್ನು ಜಗತ್ತಿಗೇ ತೆರೆದಿಟ್ಟವು; 2017-18ರಲ್ಲಿ ಅವಕ್ಕೆ ಸೇರಿದವರಲ್ಲಿ ಮುಗಿಸಿದವರು ನೂರಕ್ಕೆ ಮೂರು ಮಂದಿಯಷ್ಟೆ. ವಿಡಿಯೊ ಎಷ್ಟೇ ಚೆನ್ನಾಗಿದ್ದರೂ ಒಂಟಿಯಾಗಿ ನೋಡುವವರನ್ನು ಅದು ಹಿಡಿದಿಡುವುದಿಲ್ಲ. ಅದೇ 2018ರಲ್ಲಿ ಶಿಕ್ಷಣ ಸಂಶೋಧಕ ಮ್ಯಾಥ್ಯೂ ಕ್ರಾಫ್ಟ್ ಮತ್ತು ಸಂಗಡಿಗರು 60 ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದರು. ಶಿಕ್ಷಕರ ಪಾಠವನ್ನು ಗಮನಿಸಿ, ಆ ಪಾಠದ ಬಗ್ಗೆಯೇ ಮಾತಾಡುವ ಮಾರ್ಗದರ್ಶನದಿಂದ ಬೋಧನೆ ಗಣನೀಯವಾಗಿ ಸುಧಾರಿಸುತ್ತದೆ, ಮಕ್ಕಳ ಕಲಿಕೆಯೂ ಸ್ವಲ್ಪ ಮೇಲೇಳುತ್ತದೆ. ಕಾರ್ಯಕ್ರಮ ದೊಡ್ಡದಾದಷ್ಟೂ ಫಲ ಕುಗ್ಗುತ್ತದೆ. ನಮ್ಮ ನೆಲದಲ್ಲೂ ಪಾಠಗಳಿವೆ. 1975-76ರಲ್ಲಿ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿವಿ ತಲುಪಿಸಿದ ‘ಸೈಟ್’ ಪ್ರಯೋಗದಲ್ಲಿ ರಾಯಚೂರು, ಕಲಬುರಗಿ, ವಿಜಯಪುರ ಜಿಲ್ಲೆಗಳ ಊರುಗಳಿದ್ದವು. ಆಗ ದೇಶದಲ್ಲಿ ಸುಮಾರು 50 ಸಾವಿರ ಪ್ರಾಥಮಿಕ ಶಾಲಾ ವಿಜ್ಞಾನ ಶಿಕ್ಷಕರಿಗೆ ತರಬೇತಿ ಕೊಟ್ಟರು. ಅದನ್ನು ಟಿವಿಯೊಂದಕ್ಕೇ ಬಿಡಲಿಲ್ಲ: ಜೊತೆಗೆ ರೇಡಿಯೊ ಇತ್ತು, ಅಚ್ಚಾದ ಪಾಠವಿತ್ತು, ಕೈಯಾರೆ ಮಾಡುವ ಚಟುವಟಿಕೆಯಿತ್ತು. ಐವತ್ತು ವರ್ಷ ಕಳೆದ ಮೇಲೆ ಪರದೆ ಕಿಸೆಗೆ ಬಂದಿದೆ, ಜೊತೆಗಿದ್ದವುಗಳು ಕಾಣೆಯಾಗಿವೆ. ಡಿಎಸ್‌ಇಆರ್‌ಟಿ ಮತ್ತು ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ನಡೆಸಿದ ವಿಷಯ ಶಿಕ್ಷಕರ ವೇದಿಕೆ ಬೇರೆ ದಾರಿ ತೋರಿಸಿತ್ತು. ಅಲ್ಲಿ ಪ್ರೌಢಶಾಲಾ ಶಿಕ್ಷಕರು ಪರಸ್ಪರ ಪ್ರಶ್ನೆ ಕೇಳಿಕೊಂಡರು. ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ತಾಣಕ್ಕೆ ತಾವೇ ಪಾಠ ಬರೆದರು.

ಕೆಲಸ ಶುರುವಾಗುವುದು ಆ್ಯಪ್ ಹುಡುಕುವುದರಿಂದಲ್ಲ, ಪಾಠದ ಒಂದು ತೊಡಕನ್ನು ಆರಿಸುವುದರಿಂದ. ‘ಗಣಿತ ಬೋಧನೆ’ ಎಂದರೆ ತೀರಾ ಅಗಲ, ‘ಭಿನ್ನರಾಶಿ’ಯೂ ಅಗಲವೇ. ಅರ್ಧಕ್ಕೆ ಮೂರನೇ ಒಂದನ್ನು ಕೂಡಿಸಲು ಹೇಳಿದರೆ ಮಗು ಮೇಲಿನ ಅಂಕಿಗಳನ್ನೂ ಕೆಳಗಿನ ಅಂಕಿಗಳನ್ನೂ ಬೇರೆಬೇರೆ ಕೂಡಿಸಿ 2/5 ಎಂದು ಬರೆಯುತ್ತದಲ್ಲ, ಅಷ್ಟನ್ನೇ ಹಿಡಿಯಿರಿ. ತಂಡದ ಪ್ರತಿ ಶಿಕ್ಷಕರೂ ತಮ್ಮ ತರಗತಿಯಿಂದ ಇಂಥ ಎರಡು ನೋಟ್‌ಬುಕ್ ಪುಟಗಳ ಫೋಟೊ ಕಳಿಸಲಿ, ಹೆಸರಿನ ಭಾಗವನ್ನು ಕತ್ತರಿಸಿ. ತಪ್ಪುಗಳನ್ನು ಪಕ್ಕಪಕ್ಕ ಇಟ್ಟಾಗ, ‘ನಮ್ಮ ಮಕ್ಕಳೇ ದಡ್ಡರು’ ಎಂಬ ಮಾತು ತಾನಾಗಿ ನಿಲ್ಲುತ್ತದೆ. ಎಲ್ಲ ಶಾಲೆಯಲ್ಲೂ ತಪ್ಪಿನ ಹಿಂದೆ ಅದೇ ತರ್ಕ ಕಾಣುತ್ತದೆ. ಆಗ ಕೇಳಬೇಕಾದ ಪ್ರಶ್ನೆಯೂ ಹೊಳೆಯುತ್ತದೆ: ಅರ್ಧಕ್ಕೆ ಇನ್ನಷ್ಟು ಸೇರಿಸಿದ್ದೇವೆ, ಹಾಗಿದ್ದರೂ ಉತ್ತರ ಅರ್ಧಕ್ಕಿಂತ ಕಡಿಮೆ ಬಂದಿದ್ದು ಹೇಗೆ?

ಎರಡನೆಯದು, ಓದುವ-ಕೇಳುವ ಸಾಮಗ್ರಿ. ಇದರ ಮೇಲೆ ಬಹಳ ಶ್ರಮ ಹಾಕಬೇಡಿ. ಎರಡು ಪುಟದ ಪಿಡಿಎಫ್, ಏಳೆಂಟು ನಿಮಿಷದ ಆಡಿಯೊ, ದೀಕ್ಷಾದಲ್ಲಿ ಈಗಾಗಲೇ ಇರುವ ಒಂದು ಪಾಠದ ಕೊಂಡಿ ಸಾಕು. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ಫೆಟ್ ಸಿಮ್ಯುಲೇಷನ್‌ಗಳಲ್ಲಿ ಭಿನ್ನರಾಶಿಯದ್ದೂ ಇದೆ. ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ಓಡುತ್ತದೆ.

ಮೂರನೆಯ ಹೆಜ್ಜೆಯೇ ಇಡೀ ಕೆಲಸದ ತಿರುಳು. ಶಿಕ್ಷಕರು ಆ ತೊಡಕಿನ ಪಾಠ ಮಾಡುವಾಗ ಐದು ನಿಮಿಷ ಧ್ವನಿ ಮುದ್ರಿಸಿಕೊಳ್ಳಬೇಕು. ವಿಡಿಯೊ ಯಾಕೆ ಬೇಡ? ಒಂದು ಕಾರಣ ಲೆಕ್ಕದ್ದು. ಸೆಕೆಂಡಿಗೆ 32 ಕಿಲೊಬಿಟ್ ದರದಲ್ಲಿ ಮುದ್ರಿಸಿದ ಐದು ನಿಮಿಷದ ಮಾತು 1.2 ಎಂಬಿ, ಸಾಧಾರಣ ಗುಣಮಟ್ಟದ ವಿಡಿಯೊ ಸೆಕೆಂಡಿಗೆ ಒಂದು ಮೆಗಾಬಿಟ್ ಎಂದುಕೊಂಡರೂ ಅದೇ ಐದು ನಿಮಿಷ 37 ಎಂಬಿ ದಾಟುತ್ತದೆ. ಗುಡ್ಡ ಹತ್ತಿ ಸಿಗ್ನಲ್ ಹುಡುಕುವ ಮಲೆನಾಡಿನ ಶಿಕ್ಷಕರಿಗೆ ಈ ಮೂವತ್ತು ಪಟ್ಟು ವ್ಯತ್ಯಾಸ ದೊಡ್ಡದು. ಇನ್ನೊಂದು ಕಾರಣ ಅದಕ್ಕಿಂತ ಮುಖ್ಯ: ಕ್ಯಾಮೆರಾ ಕಂಡರೆ ತರಗತಿ ನಾಟಕವಾಗುತ್ತದೆ, ಮೇಜಿನ ಮೇಲೆ ಮಗುಚಿಟ್ಟ ಫೋನನ್ನು ಎರಡು ನಿಮಿಷದಲ್ಲಿ ಎಲ್ಲರೂ ಮರೆಯುತ್ತಾರೆ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಫ್ಯಾನಿನಿಂದ ದೂರ, ಎರಡನೇ ಸಾಲಿನ ಬೆಂಚಿನ ಮೇಲೆ ಇಡಿ; ನಿಮ್ಮ ಕಿಸೆಯಲ್ಲಿಟ್ಟರೆ ಬಟ್ಟೆಯ ಸದ್ದು ಬಿಟ್ಟು ಬೇರೇನೂ ಕೇಳದು. ಇಷ್ಟರಿಂದ ಏನು ತಿಳಿಯುತ್ತದೆ ಎನ್ನುವವರು ಮೇರಿ ಬಡ್ ರೋವ್ ಅವರ ಕೆಲಸ ನೋಡಬೇಕು. 1970ರ ದಶಕದಲ್ಲಿ ಈ ಸಂಶೋಧಕಿ ತರಗತಿಗಳ ಟೇಪುಗಳನ್ನು ಕೇಳಿ ಒಂದನ್ನು ಕಂಡುಕೊಂಡರು: ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಉತ್ತರಕ್ಕೆ ಕಾಯುವುದು ಸರಾಸರಿ ಒಂದೇ ಸೆಕೆಂಡು. ಅದನ್ನು ಮೂರು ಸೆಕೆಂಡಿಗೆ ಹಿಗ್ಗಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ಸುಮ್ಮನೆ ಕೂರುತ್ತಿದ್ದವರೂ ಬಾಯಿ ಬಿಟ್ಟರು. ಪಾಠ ಮಾಡುವವರಿಗೆ ಆ ಒಂದು ಸೆಕೆಂಡು ಪಾಠದ ನಡುವೆ ಗೊತ್ತಾಗುವುದೇ ಇಲ್ಲ. ಮನೆಗೆ ಹೋಗಿ ಮುದ್ರಣ ಕೇಳಿದಾಗ ಗೊತ್ತಾಗುತ್ತದೆ. ಆದ್ದರಿಂದ ಮೊದಲ ಕೇಳುಗರು ಶಿಕ್ಷಕರೇ ಆಗಿರಲಿ. ನನ್ನ ಪ್ರಶ್ನೆಗಳೆಷ್ಟು, ಎಷ್ಟು ಹೊತ್ತು ಕಾದೆ, ಉತ್ತರ ಕೊಟ್ಟ ಮಕ್ಕಳೆಷ್ಟು ಎಂಬ ಮೂರನ್ನು ಬರೆದುಕೊಳ್ಳಲಿ. ಬಿ.ಇಡಿ ವಿದ್ಯಾರ್ಥಿಗಳ ಮೈಕ್ರೋ ಟೀಚಿಂಗ್‌ಗೂ ಇದನ್ನೇ ಸೇರಿಸಬಹುದು. ಆ ಪದ್ಧತಿ 1960ರ ದಶಕದಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ರೂಪುಗೊಂಡಾಗ ಪಾಠವನ್ನು ಮುದ್ರಿಸಿ ಮತ್ತೆ ನೋಡುವುದು ಅದರ ಭಾಗವಾಗಿತ್ತು. ನಮ್ಮಲ್ಲಿ ಎಷ್ಟೋ ಕಡೆ ಉಳಿದದ್ದು ರೆಕಾರ್ಡ್ ಪುಸ್ತಕ ಮಾತ್ರ.

ನಂತರ ಹಂಚಿಕೊಳ್ಳುವುದು. ತಂಡದಲ್ಲಿ ಆರರಿಂದ ಎಂಟು ಜನ ಇರಲಿ, ಇನ್ನೂರು ಜನರ ಗ್ರೂಪಿನಲ್ಲಿ ‘ಶುಭೋದಯ’ ಬಿಟ್ಟು ಬೇರೇನೂ ಬೆಳೆಯುವುದಿಲ್ಲ. ಒಂದು ಸುತ್ತಿಗೆ ಇಬ್ಬರ ಮುದ್ರಣ ಸಾಕು. ಕೇಳಿದವರು ಎರಡನ್ನಷ್ಟೇ ಹೇಳಲಿ: ಯಾವ ಗಳಿಗೆಯಲ್ಲಿ ಮಗು ಯೋಚಿಸುತ್ತಿರುವುದು ಕೇಳಿಸಿತು, ಅಲ್ಲಿ ಬೇರೆ ಯಾವ ಪ್ರಶ್ನೆ ಕೇಳಬಹುದಿತ್ತು. ‘ಸೂಪರ್ ಮೇಡಂ’ ಎಂಬ ಹೊಗಳಿಕೆಯಿಂದಾಗಲಿ, ಅಂಕ ಹಾಕುವುದರಿಂದಾಗಲಿ ಉಪಯೋಗವಿಲ್ಲ. ಆಮೇಲೆ ನಲವತ್ತು ನಿಮಿಷದ ಆನ್‌ಲೈನ್ ಮಾತುಕತೆ, ಅದೂ ಶಾಲಾ ಅವಧಿಯಲ್ಲೇ. ರಾತ್ರಿ ಎಂಟಕ್ಕೆ ಇಟ್ಟರೆ ಅಡುಗೆ, ಮಕ್ಕಳ ಓದು ಎಲ್ಲ ಹೊತ್ತಿರುವ ಶಿಕ್ಷಕಿಯರು ಮೈಕ್ ಆಫ್ ಮಾಡಿ ಕೂರುತ್ತಾರೆ, ಕೊನೆಗೆ ‘ಭಾಗವಹಿಸುವಿಕೆ ಕಡಿಮೆ’ ಎಂಬ ವರದಿ ಹೋಗುತ್ತದೆ.

ಮುಖಾಮುಖಿ ಭೇಟಿಯ ಬದಲಿಗೆ ಇದು ಬರಬಹುದೇ ಎಂಬ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ದಕ್ಷಿಣ ಆಫ್ರಿಕಾದಲ್ಲಿ ಪ್ರಾಥಮಿಕ ಶಾಲೆಗಳ ಇಂಗ್ಲಿಷ್ ಶಿಕ್ಷಕರಿಗೆ ಮಾರ್ಗದರ್ಶಕರನ್ನು ಶಾಲೆಗೇ ಕಳಿಸಿದ್ದನ್ನೂ, ಟ್ಯಾಬ್ಲೆಟ್ ಮತ್ತು ಫೋನಿನ ಮೂಲಕ ದೂರದಿಂದ ಮಾರ್ಗದರ್ಶನ ಮಾಡಿದ್ದನ್ನೂ ಹೋಲಿಸಿ ನೋಡಿದರು. ಮೂರು ವರ್ಷದ ಕೊನೆಗೆ ಶಾಲೆಗೆ ಬಂದವರಿದ್ದ ಕಡೆ ಮಕ್ಕಳ ಮಾತೂ ಓದೂ ಸುಧಾರಿಸಿತ್ತು. ದೂರದ ಮಾರ್ಗದರ್ಶನದಲ್ಲಿ ಮಾತಿಗೆ ಅಲ್ಪ ಲಾಭವಾಯಿತು, ಓದಿಗೆ ಆಗಲಿಲ್ಲ. ಹಾಗಾದರೆ ಆನ್‌ಲೈನ್ ವ್ಯರ್ಥವೇ? ನಮ್ಮ ಸಿಆರ್‌ಪಿ ಒಂದು ಶಾಲೆಗೆ ಬಂದಾಗ ದಾಖಲೆ ನೋಡುವುದರಲ್ಲೇ ಹೊತ್ತು ಹೋಗುವುದುಂಟು. ಮುದ್ರಣವನ್ನು ಮೊದಲೇ ಕೇಳಿಕೊಂಡು ಬಂದರೆ ಅದೇ ಭೇಟಿಯಲ್ಲಿ ಅರ್ಧ ಗಂಟೆ ಪಾಠದ ಬಗ್ಗೆ ಮಾತಾಡಬಹುದು; ಕ್ಲಸ್ಟರಿನ ಸಮಾಲೋಚನಾ ಸಭೆಯೂ ಸುತ್ತೋಲೆ ಓದುವುದಕ್ಕಿಂತ ಬೇರೆಯಾಗಬಹುದು. ಭೇಟಿಯನ್ನು ರದ್ದು ಮಾಡಲು ಆನ್‌ಲೈನ್ ನೆಪವಾದರೆ ಈ ಕ್ರಮವನ್ನು ಕೈಬಿಡುವುದೇ ಲೇಸು.

ಕಣ್ಗಾವಲಿನ ಭಯ ಇನ್ನೊಂದು, ಅದಕ್ಕೆ ಆಧಾರವೂ ಇದೆ. ಮುದ್ರಣ ಬಿಇಒ ಕಚೇರಿಗೆ ಹೋಗುತ್ತದೆ ಎಂದು ಗೊತ್ತಾದ ದಿನ ಪ್ರಾಮಾಣಿಕ ಪಾಠ ನಿಲ್ಲುತ್ತದೆ. ಆದ್ದರಿಂದ ನಿಯಮಗಳನ್ನು ಮೊದಲ ದಿನವೇ ಬರೆದಿಡಿ: ಮುದ್ರಣ ತಂಡದ ಹೊರಗೆ ಹೋಗುವುದಿಲ್ಲ, ಮೌಲ್ಯಮಾಪನಕ್ಕೆ ಬಳಕೆಯಾಗುವುದಿಲ್ಲ, ಚರ್ಚೆ ಮುಗಿದ ವಾರದೊಳಗೆ ಎಲ್ಲರ ಫೋನಿನಿಂದ ಅಳಿಸಲಾಗುತ್ತದೆ. ಮಕ್ಕಳ ಧ್ವನಿಯೂ ವೈಯಕ್ತಿಕ ಮಾಹಿತಿಯೇ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ವಿಷಯದಲ್ಲಿ ಪೋಷಕರ ಒಪ್ಪಿಗೆ ಕೇಳುತ್ತದೆ. ಎಸ್‌ಡಿಎಂಸಿ ಸಭೆಯಲ್ಲಿ ವಿಷಯ ತಿಳಿಸಿ, ಪೋಷಕರಿಂದ ಕನ್ನಡದಲ್ಲೇ ಬರೆದ ಒಪ್ಪಿಗೆ ಪತ್ರ ಪಡೆಯಿರಿ. ಒಪ್ಪದ ಮನೆಯ ಮಗು ಮಾತಾಡಿದ ಭಾಗವನ್ನು ಕತ್ತರಿಸಿ. ಮುದ್ರಣವನ್ನು ಎಐ ಆ್ಯಪ್‌ಗೆ ಹಾಕಿ ಸಾರಾಂಶ ಪಡೆಯುವ ಆಸೆ ಬಂದರೂ ಇದೇ ಕಾರಣಕ್ಕೆ ತಡೆದುಕೊಳ್ಳಿ. ಹೆಚ್ಚುವರಿ ಪ್ರಶ್ನೆಪತ್ರಿಕೆ ತಯಾರಿಸಲು ಅದು ನೆರವಾದೀತು, ತರಗತಿಯ ಧ್ವನಿಯನ್ನು ಅದಕ್ಕೆ ಕೊಡಬೇಕಿಲ್ಲ.

ಕೊನೆಗೆ ಕೆಲಸದ ಹೊರೆ. ಎಸ್‌ಎಟಿಎಸ್ ನಮೂದು, ಬಿಸಿಯೂಟದ ಲೆಕ್ಕ, ಸಮೀಕ್ಷೆಗಳ ನಡುವೆ ಇನ್ನೊಂದನ್ನು ಸೇರಿಸಿದರೆ ಶಿಕ್ಷಕರು ಸಿಟ್ಟಾಗುವುದು ನ್ಯಾಯವೇ. ಇದು ಹೊಸ ಹೊರೆಯಾಗಬಾರದು ಎಂದರೆ 50 ಗಂಟೆಯ ಲೆಕ್ಕದೊಳಗೇ ಸೇರಬೇಕು. ಓದು, ಮುದ್ರಣ, ಕೇಳುವಿಕೆ, ಚರ್ಚೆ, ಬದಲಿಸಿದ ಪಾಠವನ್ನು ಮತ್ತೆ ಮಾಡಿ ನೋಡುವುದು ಎಲ್ಲ ಸೇರಿ ಒಂದು ಸುತ್ತಿಗೆ ನಾಲ್ಕು ಗಂಟೆ ಹಿಡಿದರೆ, ತಿಂಗಳಿಗೊಂದರಂತೆ ಎಂಟು ಸುತ್ತಿಗೆ 32 ಗಂಟೆ. ಜೂನ್‌ನ ದಾಖಲಾತಿ ಗಡಿಬಿಡಿ, ಮಾರ್ಚ್‌ನ ಪರೀಕ್ಷೆ ಎರಡನ್ನೂ ಬಿಟ್ಟರೆ ಇದು ವರ್ಷದೊಳಗೆ ಹಿಡಿಸುತ್ತದೆ. ಪ್ರಮಾಣಪತ್ರಕ್ಕೆ ಕ್ವಿಜ್ ಬದಲು, ಮೊದಲ ಪಾಠಕ್ಕೂ ಬದಲಿಸಿದ ಪಾಠಕ್ಕೂ ಇರುವ ವ್ಯತ್ಯಾಸವನ್ನು ಶಿಕ್ಷಕರೇ ಬರೆದ ಒಂದು ಪುಟ ಕೇಳಿ. ಉಳಿದ 18 ಗಂಟೆಯನ್ನು ಡಯಟ್‌ನಲ್ಲಿ ಮೂರು ದಿನದ ಮುಖಾಮುಖಿ ಶಿಬಿರಕ್ಕೆ ಮೀಸಲಿಡಿ, ಶಿಬಿರದ ವಿಷಯವನ್ನು ಆ ಎಂಟು ಸುತ್ತುಗಳಲ್ಲಿ ಬಗೆಹರಿಯದೆ ಉಳಿದ ತೊಡಕುಗಳಿಂದ ಆರಿಸಿ.