ಕುಡಿಯದವರ ಲೋಟಕ್ಕೆ ಏನು ಹಾಕೋಣ?

ಈ ಸಲದ ಲೇಖನ ಕುಡಿಯೋದರ ಬಗ್ಗೆ. ಗಾಬರಿ ಬೇಡ, ವಾರ್ಡನ್ ಸರ್ ಕೂಡ ಓದಬಹುದು. ಕಾಕ್‌ಟೇಲ್, ವೈನ್, ಬಿಯರ್ ಇರುವ ಜಾಗದಲ್ಲಿ ಆಲ್ಕೋಹಾಲ್ ಇಲ್ಲದ ಏನನ್ನು ಕೊಡಬಹುದು, ಅದನ್ನು ಚಾಮರಾಜನಗರ, ಗುಂಡ್ಲುಪೇಟೆಯ ಅಂಗಡಿಗಳಲ್ಲಿ ಸಿಗುವ ಸಾಮಾನಿನಿಂದಲೇ ಮಾಡೋದು ಹೇಗೆ, ಸರಿಯಾಗಿ ರುಚಿ ನೋಡೋದು ಹೇಗೆ ಅಂತ ನಾವು ಕಲಿತದ್ದನ್ನು ಇಲ್ಲಿ ಬರೆದಿದ್ದೀವಿ.

ಶುರುವಾಗಿದ್ದು ಒಂದು ಬರ್ತ್‌ಡೇ ಪಾರ್ಟಿಯಲ್ಲಿ. ಕೆಲವು ಸೀನಿಯರ್‌ಗಳ ಕೈಯಲ್ಲಿ ಬಿಯರ್ ಇತ್ತು. ಕುಡಿಯದ ನಾವು ನಾಲ್ಕು ಜನಕ್ಕೆ ಪೇಪರ್ ಕಪ್‌ನಲ್ಲಿ ಗ್ಯಾಸ್ ಹೋದ, ಬೆಚ್ಚಗಿನ ಕೋಲಾ ಬಂತು. "ಪಾಪುಗೆ ಹಾಲು ತರಿಸ್ಲಾ?" ಅಂತ ಒಬ್ಬರು ಕೇಳಿದ್ರು. ಎಲ್ಲರೂ ನಕ್ಕರು, ನಾವೂ ನಕ್ಕೆವು. ನಮ್ಮಲ್ಲೊಬ್ಬ ಮಾತ್ರ ನಗಲಿಲ್ಲ. ಹತ್ತು ನಿಮಿಷಕ್ಕೆ ಎದ್ದು ರೂಮಿಗೆ ಹೋದ.

ಮುಂದಿನ ವಾರ ಅವನನ್ನು ಖುಷಿ ಪಡಿಸೋಣ ಅಂತ '0.0' ಅಂತ ಬರೆದಿದ್ದ ಬಿಯರ್ ಡಬ್ಬಿ ತಂದ್ವಿ. ಆಲ್ಕೋಹಾಲ್ ಇಲ್ಲ, ನೋಡೋಕೆ ಬಿಯರ್ ತರಾನೇ ಇದೆ, ಪ್ರಾಬ್ಲಮ್ ಸಾಲ್ವ್ ಆಯ್ತು ಅಂದುಕೊಂಡಿದ್ವಿ. ಅವನು ಡಬ್ಬಿ ತೆಗೆದ, ಮೂಸಿದ, ಕೆಳಗಿಟ್ಟ. "ಇದ್ರಲ್ಲಿ ನಮ್ಮಪ್ಪನ ವಾಸನೆ ಇದೆ ಕಣ್ರೋ" ಅಂದ. ಅವನ ಅಪ್ಪ ಕುಡಿತದಿಂದಲೇ ತೀರಿಕೊಂಡರು ಅಂತ ನಮಗೆ ಗೊತ್ತಾಗಿದ್ದು ಅವತ್ತೇ. ಒಂದೂವರೆ ವರ್ಷ ಒಂದೇ ರೂಮಿನಲ್ಲಿ ಇದ್ದೂ ಗೊತ್ತಿರಲಿಲ್ಲ. (ಅವನನ್ನು ಕೇಳಿಯೇ ಇದನ್ನು ಬರೆದಿದ್ದೀವಿ. ಹೆಸರು ಬೇಡ ಅಂದ.)

ಅಲ್ಲಿಗೆ ನಮ್ಮ ಪ್ರಶ್ನೆ ಬದಲಾಯಿತು. ಬಿಯರ್‌ನ ನಕಲು ಹುಡುಕೋದು ಬಿಟ್ಟು, ಬಿಯರ್‌ನಷ್ಟೇ ಗಮನ ಕೊಟ್ಟು ಮಾಡಿದ ಬೇರೆ ಒಂದು ಲೋಟ ಬೇಕು ಅಂತ ಹೊರಟೆವು.

1. '0.0' ಅಂದರೆ ಏನು?

ಯೀಸ್ಟ್ ಸಕ್ಕರೆಯನ್ನು ತಿಂದಾಗ ಒಂದು ಗ್ಲೂಕೋಸ್ ಅಣುವಿನಿಂದ ಎರಡು ಎಥನಾಲ್ ಅಣು, ಎರಡು ಕಾರ್ಬನ್ ಡೈಆಕ್ಸೈಡ್ ಅಣು ಬರುತ್ತವೆ. ಬಿಯರ್, ವೈನ್ ಎರಡಕ್ಕೂ ಇದೇ ಮೂಲ. ಆಲ್ಕೋಹಾಲ್ ಇಲ್ಲದ ಬಿಯರ್ ಮಾಡೋಕೆ ಎರಡು ದಾರಿ ಇವೆ.

ಒಂದು, ಮೊದಲು ಮಾಮೂಲಿ ಬಿಯರ್ ಮಾಡಿ ಆಮೇಲೆ ಎಥನಾಲ್ ತೆಗೆಯೋದು. ಎಥನಾಲ್ ಕುದಿಯೋದು 78.4 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅಷ್ಟು ಬಿಸಿ ಮಾಡಿದರೆ ಬಿಯರ್ ಬೆಂದ ರುಚಿ ಬರುತ್ತೆ. ಅದಕ್ಕೆ ಒತ್ತಡ ಕಡಿಮೆ ಮಾಡಿ, ಅಂದರೆ ವ್ಯಾಕ್ಯೂಮ್‌ನಲ್ಲಿ, ತುಂಬಾ ಕಡಿಮೆ ಬಿಸಿಯಲ್ಲೇ ಆವಿ ಮಾಡ್ತಾರೆ. ಇಲ್ಲವೇ ನಮ್ಮ ಮನೆ ವಾಟರ್ ಫಿಲ್ಟರ್‌ನಲ್ಲಿ ಇರುವ ಹಾಗೆ ರಿವರ್ಸ್ ಆಸ್ಮೋಸಿಸ್ ಬಳಸ್ತಾರೆ. ಎರಡನೇ ದಾರಿ, ಹುದುಗೋದನ್ನೇ ಅರ್ಧಕ್ಕೆ ನಿಲ್ಲಿಸೋದು, ಅಥವಾ ಮಾಲ್ಟ್‌ನಲ್ಲಿರುವ ಮಾಲ್ಟೋಸ್ ಸಕ್ಕರೆಯನ್ನು ತಿನ್ನಲಾರದ ಯೀಸ್ಟ್ ಹಾಕೋದು.

ಎಫ್‌ಎಸ್‌ಎಸ್‌ಎಐ ನಿಯಮದಲ್ಲಿ ಪ್ರಮಾಣದ ಲೆಕ್ಕದಲ್ಲಿ ಶೇ. 0.5ಕ್ಕಿಂತ ಹೆಚ್ಚು ಆಲ್ಕೋಹಾಲ್ ಇದ್ದರೆ ಅದು ಮದ್ಯ. ಅಂದರೆ 'ನಾನ್-ಆಲ್ಕೋಹಾಲಿಕ್' ಅಂದ ಮಾತ್ರಕ್ಕೆ ಪೂರ್ತಿ ಸೊನ್ನೆ ಅಂತ ಅರ್ಥ ಅಲ್ಲ. ಧರ್ಮ, ಔಷಧಿ ಅಥವಾ ಬೇರೆ ಕಾರಣಕ್ಕೆ ಒಂದು ಹನಿಯೂ ಬೇಡ ಅನ್ನೋರು ಡಬ್ಬಿಯ ಹಿಂದಿನ ಲೇಬಲ್ ಓದಲೇಬೇಕು. ಇನ್ನೊಂದು ವಿಷಯ: ಕುಡಿತ ಬಿಡೋಕೆ ಕಷ್ಟಪಡ್ತಿರೋರಿಗೆ ಈ ವಾಸನೆ, ಈ ರುಚಿಯೇ ಮತ್ತೆ ಆಸೆ ಹುಟ್ಟಿಸಬಹುದು. ಹಾಗಾಗಿ 0.0 ಡಬ್ಬಿ ಎಲ್ಲರಿಗೂ ಉತ್ತರ ಅಲ್ಲ. ನಮ್ಮ ಗೆಳೆಯನಿಗಂತೂ ಅಲ್ಲವೇ ಅಲ್ಲ.

2. ಲೋಟದಲ್ಲಿ ಆಲ್ಕೋಹಾಲ್ ಮಾಡುವ ಕೆಲಸ

ಒಂದು ಯಂತ್ರದಿಂದ ಒಂದು ಭಾಗ ತೆಗೆದರೆ, ಆ ಭಾಗ ಏನು ಕೆಲಸ ಮಾಡ್ತಿತ್ತು ಅಂತ ಮೊದಲು ಕೇಳಬೇಕು. ಅಮಲು ಬಿಟ್ಟು ರುಚಿಯ ಲೆಕ್ಕ ಮಾತ್ರ ನೋಡೋಣ.

ಉರಿ: ನಮ್ಮ ಬಾಯಲ್ಲಿ ಬಿಸಿಯನ್ನು ಗುರುತಿಸುವ ಟಿಆರ್‌ಪಿವಿ1 ಅನ್ನೋ ಗ್ರಾಹಕ ಇದೆ. ಸಾಮಾನ್ಯವಾಗಿ ಅದು ಸುಮಾರು 42 ಡಿಗ್ರಿಗೆ ಎಚ್ಚರವಾಗುತ್ತೆ. ಎಥನಾಲ್ ಬಿದ್ದರೆ ಸುಮಾರು 34 ಡಿಗ್ರಿಗೇ ಎಚ್ಚರವಾಗುತ್ತೆ. ನಮ್ಮ ಮೈ ಬಿಸಿಯೇ 37. ಅದಕ್ಕೇ ತಣ್ಣಗಿನ ವಿಸ್ಕಿಯೂ ಗಂಟಲು ಸುಡುತ್ತೆ ಅಂತಾರೆ. ಮಜಾ ಏನಂದ್ರೆ, ಮೆಣಸಿನಕಾಯಿ, ಕಾಳುಮೆಣಸು, ಶುಂಠಿ ಕೂಡ ಇದೇ ಗ್ರಾಹಕವನ್ನು ತಟ್ಟುತ್ತವೆ.

ಪರಿಮಳ: ಎಥನಾಲ್ ಬೇಗ ಆವಿಯಾಗುತ್ತೆ, ಪರಿಮಳದ ಅಣುಗಳನ್ನೂ ಜೊತೆಗೆ ಮೂಗಿಗೆ ಒಯ್ಯುತ್ತೆ.

ನಿಧಾನ: ಕಹಿ, ಒಗರು, ಉರಿ ಇರೋದನ್ನು ಯಾರೂ ಗಟಗಟ ಕುಡಿಯಲ್ಲ. ಬಿಯರ್‌ನ ಕಹಿ ಹಾಪ್ಸ್ ಹೂವಿನಿಂದ, ಕೆಂಪು ವೈನ್‌ನ ಒಗರು ದ್ರಾಕ್ಷಿಯ ಸಿಪ್ಪೆ, ಬೀಜದ ಟ್ಯಾನಿನ್‌ನಿಂದ. ಟ್ಯಾನಿನ್ ನಮ್ಮ ಜೊಲ್ಲಿನ ಪ್ರೋಟೀನ್‌ಗೆ ಅಂಟಿಕೊಳ್ಳುತ್ತೆ, ಬಾಯಿ ಒಣಗಿದ ಹಾಗಾಗುತ್ತೆ. ಹಾಗಾಗಿ ಒಂದು ಲೋಟ ಒಂದು ಗಂಟೆ ಹರಟೆಗೆ ಸಾಕಾಗುತ್ತೆ.

ಈಗ ಮಾಕ್‌ಟೇಲ್ ಯಾಕೆ ಬೇಜಾರು ಹೊಡೆಸುತ್ತೆ ಅಂತ ಅರ್ಥ ಆಗುತ್ತೆ. 'ಸೌರ್' ಅನ್ನೋ ಜಾತಿಯ ಕಾಕ್‌ಟೇಲ್‌ಗಳಿಗೆ ಒಂದು ಪರಿಚಿತ ಅಳತೆ: ಎರಡು ಪಾಲು ಮದ್ಯ, ಒಂದು ಪಾಲು ಹುಳಿ, ಒಂದು ಪಾಲು ಸಿಹಿ. ಮದ್ಯ ತೆಗೆದು ಆ ಜಾಗಕ್ಕೆ ಬಣ್ಣದ ಸಿರಪ್ ಸುರಿದರೆ ಉಳಿಯೋದು ಬರೀ ಸಿಹಿ. ಕೋಲಾ ಕೂಡ ಅಷ್ಟೇ: 300 ಮಿಲಿಲೀಟರ್‌ನಲ್ಲಿ ಸುಮಾರು 30 ಗ್ರಾಂ ಸಕ್ಕರೆ, ಅಂದರೆ ಆರು ಟೀ ಚಮಚ. ಎರಡು ನಿಮಿಷದಲ್ಲಿ ಮುಗಿಯುತ್ತೆ, ಆಮೇಲೆ ಖಾಲಿ ಕಪ್ ಹಿಡ್ಕೊಂಡು ನಿಂತಿರಬೇಕು.

3. ಅಜ್ಜಿ ಕೊಟ್ಟ ಉತ್ತರ

ಒಂದು ಭಾನುವಾರ ಗೆಳೆಯನ ಊರಿಗೆ ಹೋದ್ವಿ. ಚಾಮರಾಜನಗರದಿಂದ ಬಸ್ ಹತ್ತಿ, ತೆರಕಣಾಂಬಿ ದಾಟಿ, ಗುಂಡ್ಲುಪೇಟೆಯಲ್ಲಿ ಇಳಿದು, ಅಲ್ಲಿಂದ ಆಟೋ. ಬಿಸಿಲು ಅಂದ್ರೆ ಬಿಸಿಲು. ಅವನ ಅಜ್ಜಿ ದೊಡ್ಡ ಸ್ಟೀಲ್ ಲೋಟದಲ್ಲಿ ಹುಣಸೆಹಣ್ಣಿನ ಪಾನಕ ತಂದುಕೊಟ್ಟರು. "ಕುಡೀರಪ್ಪ ಮಕ್ಕ, ಬಿಸ್ಲಲ್ ಬಂದಿದ್ದೀರಿ" ಅಂದ್ರು.

ಹುಣಸೆ, ಬೆಲ್ಲ, ಕುಟ್ಟಿದ ಕಾಳುಮೆಣಸು, ಏಲಕ್ಕಿ, ಚಿಟಿಕೆ ಉಪ್ಪು. ಮೊದಲು ಹುಳಿ, ಆಮೇಲೆ ಸಿಹಿ, ನುಂಗಿದ ಮೇಲೆ ಗಂಟಲಲ್ಲಿ ಸಣ್ಣ ಉರಿ, ಉಸಿರು ಬಿಟ್ಟಾಗ ಏಲಕ್ಕಿ. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡ್ವಿ. ಲಿಸ್ಟ್‌ನಲ್ಲಿ ಬರೆದಿದ್ದ ಕೆಲಸಗಳು ಬಹುತೇಕ ಈ ಲೋಟದಲ್ಲೇ ಇದ್ದವು! ರಾಮನವಮಿಗೆ, ಜಾತ್ರೆಗೆ ಹಂಚುವ ಪಾನಕವನ್ನು ನಾವು 'ಬೆಲ್ಲದ ನೀರು' ಅಂತ ಲೆಕ್ಕಕ್ಕೇ ತಗೊಂಡಿರಲಿಲ್ಲ.

"ಮೆಣಸು ಯಾಕೆ ಹಾಕ್ತೀರಾ ಅಜ್ಜಿ?" ಅಂತ ಕೇಳಿದ್ವಿ. "ಇಲ್ದಿದ್ರೆ ಸಪ್ಪೆ ಕನಪ್ಪ" ಅಂದ್ರು. ನಾವು ಮೂರು ಪ್ಯಾರಾ ಬರೆದದ್ದನ್ನು ಅಜ್ಜಿ ಮೂರು ಪದದಲ್ಲಿ ಮುಗಿಸಿದ್ರು.

4. ನಮ್ಮ ಕಡೆ ಸಿಗುವ ಸಾಮಾನು

ಉರಿಗೆ: ಶುಂಠಿ, ಕಾಳುಮೆಣಸು.

ಹುಳಿಗೆ: ಹುಣಸೆ, ನಿಂಬೆ.

ಒಗರಿಗೆ: ನೆಲ್ಲಿಕಾಯಿ, ಕಪ್ಪು ಟೀ, ಸೀಸನ್‌ನಲ್ಲಿ ನೇರಳೆ ಹಣ್ಣು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಕಾಡಿನಿಂದ ಸಂಗ್ರಹಿಸುವ ಮುಖ್ಯ ಉತ್ಪನ್ನಗಳಲ್ಲಿ ನೆಲ್ಲಿ ಮತ್ತು ಜೇನು ಇವೆ. 2011ರಲ್ಲಿ ಅಲ್ಲಿನ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. ನಾವು ಕೊಳ್ಳುವ ಜೇನಿನ ಬಾಟಲಿಯ ಹಿಂದೆ ಇಷ್ಟು ಕಥೆ ಇರಬಹುದು.

ಕಹಿಗೆ: ಹುರಿದ ಮೆಂತ್ಯ, ಹುರಿದ ರಾಗಿ.

ಪರಿಮಳಕ್ಕೆ: ಸೊಗದೆ ಬೇರು. ತಮಿಳಿನಲ್ಲಿ ನನ್ನಾರಿ ಅಂತಾರೆ. ಇಲ್ಲಿ ಸ್ವಲ್ಪ ಕೆಮಿಸ್ಟ್ರಿ ಸಹಿಸಿಕೊಳ್ಳಿ. ಇದರ ಪರಿಮಳಕ್ಕೆ ಮುಖ್ಯ ಕಾರಣ 2-ಹೈಡ್ರಾಕ್ಸಿ-4-ಮೆಥಾಕ್ಸಿಬೆಂಜಾಲ್ಡಿಹೈಡ್. ವೆನಿಲ್ಲಾದ ಪರಿಮಳ 4-ಹೈಡ್ರಾಕ್ಸಿ-3-ಮೆಥಾಕ್ಸಿಬೆಂಜಾಲ್ಡಿಹೈಡ್. ಪರಮಾಣುಗಳ ಲೆಕ್ಕ ಒಂದೇ, ಕೂತಿರುವ ಜಾಗ ಬೇರೆ, ಅಂದರೆ ಐಸೋಮರ್‌ಗಳು. ಓಕ್ ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಟ್ಟ ವಿಸ್ಕಿ, ವೈನ್‌ಗೆ ಬರುವ ವೆನಿಲ್ಲಾ ಪರಿಮಳ ಈ ಎರಡನೆಯದ್ದು. ಅದರ ತಮ್ಮ ನಮ್ಮ ಗ್ರಂಥಿಗೆ ಅಂಗಡಿಯಲ್ಲಿ ಪೊಟ್ಟಣ ಕಟ್ಟಿಸಿಕೊಂಡು ಕೂತಿದ್ದಾನೆ! ಇದೇ ವಾಸನೆಯ ಮಾಕಳಿ ಬೇರು ಕಾಡಿನಲ್ಲಿ ಅತಿಯಾಗಿ ಅಗೆದು ಅಪಾಯದಲ್ಲಿದೆ. ಟ್ರೆಕ್ಕಿಂಗ್ ಹೋದಾಗ ದಯವಿಟ್ಟು ಬೇರು ಅಗೆಯಬೇಡಿ. ಅಂಗಡಿಯ ಸೊಗದೆ ಶರಬತ್ತು ಸಾಕು.

5. ಮೂರು ಲೋಟ

ಬಿಯರ್ ಜಾಗಕ್ಕೆ ಹುರಿದ ರಾಗಿ ಸೋಡಾ (ಇಬ್ಬರಿಗೆ). ಚಿಕ್ಕವರಿದ್ದಾಗ ಕುಡಿದ ರಾಗಿ ಮಾಲ್ಟ್ ನೆನಪಿದೆಯಾ? ಮೊಳಕೆ ಬರಿಸಿ ಒಣಗಿಸಿದ ಕಾಳೇ ಮಾಲ್ಟ್. ಬಿಯರ್‌ಗೆ ಬಾರ್ಲಿ, ನಮಗೆ ರಾಗಿ. ಮೊಳಕೆ ಬರಿಸಿ ಒಣಗಿಸಿದ ಇಡೀ ರಾಗಿ 2 ದೊಡ್ಡ ಚಮಚವನ್ನು ಸಣ್ಣ ಉರಿಯಲ್ಲಿ ಕಾಫಿ ಬಣ್ಣ ಬರೋವರೆಗೆ ಹುರಿಯಿರಿ. ಕೊನೆಗೆ ಕಾಲು ಟೀ ಚಮಚ ಮೆಂತ್ಯ ಹಾಕಿ. 250 ಮಿಲಿಲೀಟರ್ ನೀರಲ್ಲಿ 10 ನಿಮಿಷ ಕುದಿಸಿ, ಬಟ್ಟೆಯಲ್ಲಿ ಸೋಸಿ, ಚೆನ್ನಾಗಿ ತಣ್ಣಗಾಗಿಸಿ. ಲೋಟಕ್ಕೆ ಅರ್ಧ ಇದು, ಅರ್ಧ ಸೋಡಾ, ಅರ್ಧ ಚಮಚ ಬೆಲ್ಲ, ನಾಲ್ಕು ಹನಿ ನಿಂಬೆ. ರಾಗಿಯನ್ನು ಪುಡಿ ಮಾಡಬೇಡಿ. ನಾವು ಮೊದಲ ಸಲ ಪುಡಿ ಮಾಡಿ, ಗ್ಯಾಸ್ ತುಂಬಿದ ಗಂಜಿ ಕುಡಿದಿದ್ದೀವಿ. ಸೋಡಾ ತಣ್ಣಗೇ ಇರಲಿ. ದ್ರವ ತಣ್ಣಗಿದ್ದಷ್ಟೂ ಗ್ಯಾಸ್ ಹೆಚ್ಚು ಕರಗಿರುತ್ತೆ.

ವೈನ್ ಜಾಗಕ್ಕೆ ನೆಲ್ಲಿ-ಟೀ (ಒಬ್ಬರಿಗೆ). 200 ಮಿಲಿಲೀಟರ್ ಕುದಿಯುವ ನೀರಿಗೆ ಒಂದು ಚಮಚ ಟೀ ಪುಡಿ, ಒಂದು ಲವಂಗ, ಬಣ್ಣಕ್ಕೆ ಒಂದು ಬಿಲ್ಲೆ ಬೀಟ್‌ರೂಟ್ ಹಾಕಿ 4 ನಿಮಿಷ ಮುಚ್ಚಿಡಿ. ಸೋಸಿ, ಆರಿದ ಮೇಲೆ ಒಂದು ನೆಲ್ಲಿಕಾಯಿ ತುರಿದು ಹಿಂಡಿದ ರಸ, ಎರಡು ಚಮಚ ಜೇನು ಸೇರಿಸಿ. ಸೋಡಾ ಬೇಡ. ಕಬ್ಬಿಣದ ಚಾಕು, ಪಾತ್ರೆ ಬಳಸಬೇಡಿ. ಟ್ಯಾನಿನ್ ಕಬ್ಬಿಣದ ಜೊತೆ ಸೇರಿ ಕಪ್ಪಾಗುತ್ತೆ.

ಕಾಕ್‌ಟೇಲ್ ಜಾಗಕ್ಕೆ ಸೊಗದೆ-ಶುಂಠಿ (ಒಬ್ಬರಿಗೆ). ಒಂದು ಇಂಚು ಶುಂಠಿ, ಆರು ಕಾಳುಮೆಣಸು ಜಜ್ಜಿ, 200 ಮಿಲಿಲೀಟರ್ ನೀರಲ್ಲಿ ಅರ್ಧ ಆಗೋವರೆಗೆ ಕುದಿಸಿ ತಣ್ಣಗಾಗಿಸಿ. ಈಗ ಅದೇ ಎರಡು-ಒಂದು-ಒಂದು ಲೆಕ್ಕ: ಈ ಕಷಾಯ 60, ನಿಂಬೆರಸ 30, ಸೊಗದೆ ಶರಬತ್ತು 30 ಮಿಲಿಲೀಟರ್. ಚಿಟಿಕೆ ಉಪ್ಪು, ಐಸ್, ಮೇಲೆ ಸ್ವಲ್ಪ ಸೋಡಾ. ಮದ್ಯದ ಜಾಗದಲ್ಲಿ ಕಷಾಯ ಕೂತಿದೆ, ಅಷ್ಟೇ ವ್ಯತ್ಯಾಸ.

6. ರುಚಿ ನೋಡುವ ಕ್ರಮ

ಮೊದಲು ಮೂಸಿ. ಆಮೇಲೆ ಮೂಗು ಹಿಡಿದು ಒಂದು ಗುಟುಕು ಕುಡಿಯಿರಿ. ಸಿಹಿ, ಹುಳಿ, ಉರಿ ಮಾತ್ರ ಗೊತ್ತಾಗುತ್ತೆ. ಮೂಗು ಬಿಟ್ಟ ಕೂಡಲೇ ಪರಿಮಳ ನುಗ್ಗುತ್ತೆ. ಯಾವುದು ನಾಲಿಗೆಯ ಕೆಲಸ, ಯಾವುದು ಮೂಗಿನದ್ದು ಅಂತ ಒಂದೇ ನಿಮಿಷದಲ್ಲಿ ಬೇರೆಯಾಗುತ್ತೆ. ನೆಲ್ಲಿಯ ಲೋಟ ಕೊನೆಗೆ ಇರಲಿ. ನೆಲ್ಲಿ ತಿಂದ ಮೇಲೆ ನೀರೂ ಸಿಹಿ ಅನ್ನಿಸುತ್ತೆ ಅಂತ ಗೊತ್ತಲ್ಲ, ಮುಂದಿನ ಲೋಟದ ಲೆಕ್ಕ ತಪ್ಪುತ್ತೆ.

ಒಂದು ಬದಲಾವಣೆಯಿಂದ ನಿಜವಾಗಿ ವ್ಯತ್ಯಾಸ ಆಯ್ತಾ ಅಂತ ನೋಡೋಕೆ ತ್ರಿಕೋನ ಪರೀಕ್ಷೆ ಮಾಡಿ. ಮೂರು ಕಪ್, ಎರಡರಲ್ಲಿ ಒಂದೇ ಪಾನೀಯ, ಒಂದರಲ್ಲಿ ಬೇರೆ. ಬೇರೆ ಯಾವುದು ಹೇಳಿ ಅಂತ ಕೇಳಿ. ಸುಮ್ಮನೆ ಊಹಿಸಿದರೆ ಸರಿಯಾಗುವ ಸಾಧ್ಯತೆ 3ರಲ್ಲಿ 1. ಐದು ಜನ ಐವರೂ ಸುಮ್ಮನೆ ಊಹಿಸಿ ಸರಿ ಹೇಳುವ ಸಾಧ್ಯತೆ 243ರಲ್ಲಿ 1. ರಾಗಿ ಸೋಡಾಕ್ಕೆ ಉಪ್ಪು ಹಾಕಬೇಕಾ ಬೇಡ್ವಾ ಅನ್ನೋ ಜಗಳ ನಮ್ಮಲ್ಲಿ ಹೀಗೇ ಮುಗೀತು. (ಹಾಕಬೇಕು, ಚಿಟಿಕೆಗಿಂತ ಕಡಿಮೆ. ಉಪ್ಪು ಕಹಿಯನ್ನು ತಗ್ಗಿಸುತ್ತೆ.)

7. ಎರಡು ಎಚ್ಚರಿಕೆ

ಯೂಟ್ಯೂಬ್ ನೋಡಿ ಬಾಟಲಿಯಲ್ಲಿ ಯೀಸ್ಟ್ ಹಾಕಿ 'ಮನೆ ಜಿಂಜರ್ ಏಲ್' ಮಾಡೋಕೆ ಹೋಗಬೇಡಿ. ಮೊದಲ ಭಾಗದ ಲೆಕ್ಕ ನೆನಪಿಸಿಕೊಳ್ಳಿ: ಗ್ಯಾಸ್ ಬಂದಷ್ಟೇ ಎಥನಾಲ್ ಕೂಡ ಬರುತ್ತೆ, ಮುಚ್ಚಿದ ಗಾಜಿನ ಬಾಟಲಿ ಸಿಡಿಯಲೂಬಹುದು. ನೀರಾ ಕೂಡ ಇಳಿಸಿದ ಕೂಡಲೇ ತಣ್ಣಗಿಡದಿದ್ದರೆ ಕೆಲವೇ ಗಂಟೆಗಳಲ್ಲಿ ಹುದುಗಿ ಹೆಂಡ ಆಗುತ್ತೆ. ಎರಡನೆಯದು, ಬೆಲ್ಲ, ಜೇನು ಕೂಡ ಸಕ್ಕರೆಯೇ. ಶುಗರ್ ಇರುವವರಿಗೆ ಕೊಡುವಾಗ ಹೇಳಿ ಕೊಡಿ.

ಕೊನೆಗೆ

ಹೋದ ತಿಂಗಳು ಅದೇ ಗುಂಪಿನಲ್ಲಿ ಇನ್ನೊಂದು ಬರ್ತ್‌ಡೇ ಇತ್ತು. ಈ ಸಲ ನಾವು ಎರಡು ಫ್ಲಾಸ್ಕ್, ಒಂದು ಡಬ್ಬ ಐಸ್, ಸ್ಟೀಲ್ ಲೋಟಗಳ ಜೊತೆ ಹೋದ್ವಿ. ಗೆಳೆಯನೇ ಅಳೆದು ಬೆರೆಸಿದ. 'ಪಾಪುಗೆ ಹಾಲು' ಅಂದಿದ್ದ ಸೀನಿಯರ್ ಬಂದು, "ಏನೋ ಇದು?" ಅಂದ್ರು. ಅವನು ಸೊಗದೆ ಬೇರಿನಿಂದ ಶುರು ಮಾಡಿ ಐಸೋಮರ್‌ವರೆಗೆ ಹೇಳಿ ಒಂದು ಲೋಟ ಕೊಟ್ಟ. ಅವರು ಕುಡಿದು, ಸ್ವಲ್ಪ ಹೊತ್ತು ಸುಮ್ಮನಿದ್ದು, "ಇನ್ನೊಂದು ಹಾಕು" ಅಂದ್ರು.

ಅವತ್ತು ಯಾರೂ ಅವನನ್ನು "ನೀನ್ಯಾಕೆ ಕುಡಿಯಲ್ಲ?" ಅಂತ ಕೇಳಲಿಲ್ಲ. ಕೈಯಲ್ಲಿದ್ದ ಲೋಟದ ಬಗ್ಗೆಯೇ ಅಷ್ಟು ಪ್ರಶ್ನೆಗಳಿದ್ದವು. ಕುಡಿಯದೇ ಇರೋಕೆ ಒಬ್ಬೊಬ್ಬರಿಗೆ ಒಂದೊಂದು ಕಾರಣ ಇರುತ್ತೆ, ಅದನ್ನು ಎಲ್ಲರ ಮುಂದೆ ಹೇಳಲೇಬೇಕಾದ ಪರಿಸ್ಥಿತಿ ಬರಬಾರದು. ಮುಂದಿನ ಸಲ ನಿಮ್ಮ ಪಾರ್ಟಿಗೆ ಸಾಮಾನು ತರುವಾಗ ಅವರ ಲೋಟಕ್ಕೂ ಐದು ನಿಮಿಷ ಯೋಚನೆ ಮಾಡಿ. ಒಂದು ಇಂಚು ಶುಂಠಿ, ಎರಡು ನಿಂಬೆಹಣ್ಣು ಬ್ಯಾಗಿನಲ್ಲಿ ಭಾರ ಆಗಲ್ಲ.